ಕೆರೆ ದಾರಿಯ ಒರಟು ಮೈ

ಎಲ್ಲರೂ ಒಪ್ಪಿದ ಮಾತನ್ನು ಕೇಳಿದೊಡನೆ ಒಪ್ಪಿಕೊಳ್ಳಲಾರದ ಒಂದು ಸ್ವಭಾವ ನನಗಿದೆ. ನಾನು ಇದನ್ನು ವಿಚಾರಶೀಲತೆ ಎಂದು ಕರೆಯುತ್ತೇನೆ. ನನ್ನ ಹೆಂಡತಿ ಕಮಲ ಇದಕ್ಕೆ ಬೇರೊಂದು ಹೆಸರಿಟ್ಟಿದ್ದಾಳೆ. ಶಾಲೆಯನ್ನು ಅರ್ಧಕ್ಕೆ ಬಿಟ್ಟು, ಸಿದ್ದಾಪುರದ ಕಡೆಯ ಎಸ್ಟೇಟೊಂದರಲ್ಲಿ ರೈಟರ್ ಆಗಿ ಆಳುಗಳ ಹಾಜರಿ ಬರೆಯುತ್ತ, ಉಳಿದ ಹೊತ್ತಿನಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಓದಿ ಬೆಳೆದವನು ನಾನು. ಪಾಠ ಹೇಳಿದ ಗುರುಗಳಿಲ್ಲದವನಿಗೆ ಯಾರನ್ನು ಬೇಕಾದರೂ ಅನುಮಾನಿಸುವ ಸ್ವಾತಂತ್ರ್ಯವಿರುತ್ತದೆ. ಕೊಡೆ ಮರೆತ ದಿನವೇ ಮಳೆ ಬರುತ್ತದೆಂಬ ನಂಬಿಕೆಯನ್ನು ಪರೀಕ್ಷಿಸಲು ಒಮ್ಮೆ ಇಡೀ ಜುಲೈ ತಿಂಗಳು ಕೊಡೆಯಿಲ್ಲದೆ ಓಡಾಡಿದ್ದೆ. ಜುಲೈಯಲ್ಲಿ ನಮ್ಮ ಕಡೆ ಕೊಡೆ ಹಿಡಿದರೂ ಮಳೆ ಬರುತ್ತದೆ ಎಂಬುದು ಹೊಳೆದದ್ದು ಜ್ವರ ಬಂದು ಮಲಗಿದ ಮೇಲೆಯೇ.

ಇಂಥ ನನ್ನನ್ನು ಕೆರೆ ದಾರಿಯ ಸಮಿತಿಗೆ ಸೇರಿಸಿಕೊಂಡದ್ದು ಪಂಚಾಯಿತಿ ಸದಸ್ಯೆ ಲಲಿತಾ. ಬಿಟ್ಟಂಗಾಲದ ಹತ್ತಿರದ ನಮ್ಮ ಊರಿನಲ್ಲಿ ಹಂಸಾಕನ ಅಂಗಡಿಯಿಂದ ಕೆರೆಯ ಪಕ್ಕದಲ್ಲೇ ಸಾಗಿ, ಹಾಕಿ ಆಟದ ಮೈದಾನದವರೆಗೆ ಒಂದು ಕಾಲುದಾರಿಯಿದೆ. ಅದನ್ನು ಅಗಲಿಸಿ, ವಾಕಿಂಗ್ ಮಾಡುವವರಿಗೂ ಸೈಕಲ್ಲಿನ ಮಕ್ಕಳಿಗೂ ಒದಗುವಂತೆ, ವಾಹನಗಳಿಗೆ ಮಾತ್ರ ಪ್ರವೇಶವಿಲ್ಲದಂತೆ ಮಾಡುವುದೆಂದು ತೀರ್ಮಾನವಾಗಿತ್ತು. ಮೇಲ್ಮೈ ಯಾವುದಿರಬೇಕು ಎಂಬುದೊಂದೇ ಉಳಿದ ಪ್ರಶ್ನೆ.

ಉಳಿದವರಿಗೆ ಅದು ಪ್ರಶ್ನೆ ಮಾತ್ರ. ನನ್ನ ಬಾಲ್ಯದ ಗೆಳೆಯ ಸುಬ್ಬಯ್ಯನಿಗೆ ಅದು ಬದುಕು. ಒಂದು ಕಾಲದಲ್ಲಿ ಊರಿನ ತಂಡದ ಬ್ಯಾಕ್ ಆಟಗಾರನಾಗಿ, ಎದುರಾಳಿಗಳ ಚೆಂಡನ್ನೂ ಕೆಲವೊಮ್ಮೆ ಮೊಣಕಾಲನ್ನೂ ತಡೆದವನು ಅವನು. ಈಗ ಎರಡೂ ಕಾಲುಗಳ ಸ್ವಾಧೀನ ತಪ್ಪಿ ಗಾಲಿ ಕುರ್ಚಿಯಲ್ಲಿದ್ದಾನೆ. ಕೈಗಳಿಗೆ ಹಳೆಯ ಬಲ ಉಳಿದಿದೆ, ಆದರೆ ಆ ಕೊರಕಲು ದಾರಿಯಲ್ಲಿ ಕುರ್ಚಿಯನ್ನು ಯಾರಾದರೂ ತಳ್ಳಲೇಬೇಕು. ತಳ್ಳುವವರಿಗೆ ಮನೆಯಲ್ಲಿ ಕೆಲಸವಿರುತ್ತದೆ.

"ಆಟ ಮುಗಿಯೋಕೆ ಮೊದ್ಲೇ ಎಳ್ಕೊಂಡು ಬರ್ತಾರೆ ಮಾರಾಯ," ಎಂದು ಅವನು ಒಮ್ಮೆ ನನ್ನಲ್ಲಿ ಹೇಳಿದ. "ಯಾರು ಗೆದ್ದದ್ದು ಅಂತ ಹಂಸಾಕನ ಅಂಗಡೀಲಿ ಕೇಳಿ ತಿಳ್ಕೊಳ್ಬೇಕು. ನಂಗೆ ಒಬ್ನೇ ಹೋಗ್ಬೇಕು, ಕೊನೇ ಸೀಟಿ ಊದೋವರೆಗೂ ಕೂತ್ಕೊಳ್ಬೇಕು. ಅಷ್ಟೇ."

ಮೊದಲ ಸಭೆಯಲ್ಲಿ ಹಿರಿಯರೊಬ್ಬರು ಮಣ್ಣಿನ ದಾರಿಯೇ ಇರಲಿ ಎಂದರು. ಹಿಂದಿನವರು ಮಣ್ಣಿನಲ್ಲೇ ನಡೆದರಂತೆ, ಅವರಿಗೆ ಮೊಣಕಾಲು ನೋವೆಂಬುದೇ ಇರಲಿಲ್ಲವಂತೆ. ಎಲ್ಲರೂ ತಲೆಯಾಡಿಸಿದರು. ಹಿಂದಿನವರಲ್ಲಿ ಒಬ್ಬಳಾದ ನನ್ನ ಅಜ್ಜಿಯ ಮೊಣಕಾಲಿಗೆ ದಿನವೂ ಎಣ್ಣೆ ತಿಕ್ಕಿದವನು ನಾನು; ಆಕೆ ಆಗ ಹಾಕುತ್ತಿದ್ದ ಕೂಗು ಈಗಲೂ ಕಿವಿಯಲ್ಲಿದೆ. ಅದನ್ನು ಸಭೆಯ ಗಮನಕ್ಕೆ ತಂದೆ. ಹಂಸಾಕ ಇಂಟರ್‌ಲಾಕ್ ಕಲ್ಲುಗಳನ್ನು ಸೂಚಿಸಿದ. ಕಲ್ಲಿನ ಸಂದಿನಲ್ಲಿ ನೀರು ನೆಲಕ್ಕಿಳಿದುಬಿಡುತ್ತದೆ ಎಂಬುದು ಅವನ ವಾದ. ಮರುದಿನವೇ ನಾನು ವಿರಾಜಪೇಟೆಗೆ ಹೋಗಿ, ಇಂಟರ್‌ಲಾಕ್ ಹಾಸಿದ ಒಂದು ಅಂಗಳದಲ್ಲಿ ನಿಂತು ಬಾಟಲಿಯ ನೀರನ್ನು ನಿಧಾನವಾಗಿ ಸುರಿದು ನೋಡಿದೆ. ಕಾವಲುಗಾರ ಓಡಿಬಂದು, "ಅಜ್ಜಾ, ಎಂತ ಮಾಡ್ತಿದ್ದೀರಿ? ಅಲ್ಲಿ ಗಿಡ ಇಲ್ಲ!" ಎಂದ. ನೆಲಕ್ಕಿಳಿಯಬೇಕಾಗಿದ್ದ ನೀರು ನನ್ನ ಚಪ್ಪಲಿಯೊಳಗೆ ಇಳಿದಿತ್ತು.

ಹಾಗಾದರೆ ನನ್ನ ಆಯ್ಕೆ ಯಾವುದು? ಜಲ್ಲಿಪುಡಿ ಸುರಿದು ರೋಲರ್ ಹೊಡೆಸಿದರೆ ಉತ್ತಮವೆಂದು ಎಲ್ಲೋ ಓದಿದ್ದೆ. ಅನ್ಯರ ಮಾತನ್ನು ಅನುಮಾನಿಸುವವನು ಅಚ್ಚಾದ ಮಾತನ್ನು ಅಷ್ಟಾಗಿ ಅನುಮಾನಿಸುವುದಿಲ್ಲ. ದಾರಿಯ ಒಂದು ತುಂಡಿಗೆ ಪರೀಕ್ಷಾರ್ಥವಾಗಿ ಜಲ್ಲಿಪುಡಿ ಹಾಕಿಸಿ, ಸುಬ್ಬಯ್ಯನನ್ನು ಅಂಗಡಿಯ ಬೆಂಚಿನ ಮೇಲೆ ಕೂರಿಸಿ, ಅವನ ಕುರ್ಚಿಯಲ್ಲಿ ನಾನೇ ಕುಳಿತು ಹೊರಟೆ. ಹಿಂದಿನ ಸಂಜೆ ಒಂದು ಮಳೆ ಬಿದ್ದಿತ್ತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮುಂದಿನ ಪುಟ್ಟ ಗಾಲಿಗಳು ಹೂತುಹೋದವು; ನಾನು ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಎದುರಿನಿಂದ ಬಂದ ಹಸುವೊಂದು ನಿಂತು ನನ್ನನ್ನು ಕೂಲಂಕಷವಾಗಿ ಪರಿಶೀಲಿಸಿತು.

"ಹೇಗುಂಟು ನಿನ್ನ ಜಲ್ಲಿಪುಡಿ?" ಸುಬ್ಬಯ್ಯ ಬೆಂಚಿನಿಂದ ಕೂಗಿದ. "ಅಲ್ಲೇ ಇರು, ತಳ್ಳೋಕೆ ಯಾರಾದ್ರೂ ಬರ್ತಾರೆ. ನಾನು ಹಾಗೇ ಕಾಯೋದು."

ಆ ಮಾತು ನಗಿಸಿತು, ಆದರೆ ನಗು ಮುಗಿದ ಮೇಲೆ ಒಳಗೆಲ್ಲೋ ಚುಚ್ಚಿತು. ಈ ದಾರಿಗೆ ಕಾಂಕ್ರೀಟೇ ಸರಿಯೆಂದು ಅಂದೇ ತೀರ್ಮಾನಿಸಿದೆ.

ಮುಂದಿನ ಸಭೆಯಲ್ಲಿ ಕಾಂಕ್ರೀಟಿಗೆ ದೊರೆತ ಬೆಂಬಲ ಅನುಮಾನ ಹುಟ್ಟಿಸುವಷ್ಟಿತ್ತು. ಮಣ್ಣಿನ ಪಕ್ಷದ ಹಿರಿಯರೂ ಒಪ್ಪಿದರು, ಹಂಸಾಕನೂ ಒಪ್ಪಿದ. ಒಂದೇ ಷರತ್ತು: ಮೇಲ್ಮೈ ನುಣ್ಣಗಿರಬೇಕು. ಮಕ್ಕಳು ಬಿದ್ದರೆ ಮೊಣಕಾಲು ತರಚಬಾರದಲ್ಲ! ಊರಿನ ಮಕ್ಕಳ ಮೊಣಕಾಲಿನ ಮೇಲೆ ಇಷ್ಟೊಂದು ಜನರಿಗೆ ಒಮ್ಮೆಲೇ ಪ್ರೀತಿ ಉಕ್ಕಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಆಗ ನನಗೆ ಗುಟ್ಟು ಹೊಳೆಯಿತು. ನಾವು ಕೊಡಗಿನವರು. ಸಮತಟ್ಟಾದ ಸಿಮೆಂಟು ನೆಲ ಎಲ್ಲಿ ಕಂಡರೂ, ಅದು ಬಸ್ ನಿಲ್ದಾಣವೇ ಆಗಿರಲಿ, ಅಂಗೈಯಿಂದ ಒಮ್ಮೆ ಸವರಿ, ಬಿಸಿಲು ಯಾವ ಕಡೆಯಿಂದ ಬೀಳುತ್ತದೆಂದು ಕತ್ತೆತ್ತಿ ನೋಡುವವರು. ಇವರು ಕೇಳುತ್ತಿದ್ದದ್ದು ದಾರಿಯನ್ನಲ್ಲ. ಕಾಫಿ ಒಣಗಿಸುವ ಕಣವನ್ನು.

ಎದ್ದು ನಿಂತು ಹಾಗೆಂದೇ ಹೇಳಿದೆ. ನುಣುಪಾದ ಕಾಂಕ್ರೀಟು ಮಳೆಗಾಲದಲ್ಲಿ ಪಾಚಿ ಕಟ್ಟಿ, ಸುಬ್ಬಯ್ಯನ ಕುರ್ಚಿಯನ್ನು ನೇರವಾಗಿ ಕೆರೆಗೆ ಕಳಿಸುತ್ತದೆಂದು ಎಚ್ಚರಿಸಿದೆ. ಹಸಿಯಿರುವಾಗಲೇ ಕಡ್ಡಿ ಪೊರಕೆಯಿಂದ ಅಡ್ಡಗೆರೆ ಎಳೆಸಬೇಕು, ಅದೂ ಆಳವಾಗಿ. "ಆ ಗೆರೆಯೊಳಗೆ ಒಂದು ಕಾಳು ಬಿದ್ದರೆ ಯಾರೂ ಎತ್ತಲಾರರು. ಹರಡುವ ಆಸೆಯೇ ಹುಟ್ಟಬಾರದು!" ಎಂದು ಮೇಜು ಗುದ್ದಿದೆ. ಲಲಿತಾ ನಗು ತಡೆಯುತ್ತ, "ಆಯ್ತು ರೈಟರಜ್ಜ, ಗೆರೆ ಹಾಕಿಸುವ," ಎಂದಳು. ಮೇಸ್ತ್ರಿ ಗೆರೆ ಎಳೆಯುವಾಗ ನಾನು ಪಕ್ಕದಲ್ಲೇ ನಿಂತು, "ಇನ್ನೂ ಆಳ, ಇನ್ನೂ ಆಳ," ಎನ್ನುತ್ತಿದ್ದೆ.

ಮಳೆಗಾಲ ಕಳೆಯಿತು, ಯಾರೂ ಜಾರಲಿಲ್ಲ. ಆದರೆ ಸುಬ್ಬಯ್ಯನ ಮನೆಯವರಿಗೆ ಇನ್ನೂ ಧೈರ್ಯ ಬಂದಿರಲಿಲ್ಲ. ಯಾರಾದರೂ ಜೊತೆಗಿರಲೇಬೇಕೆಂದು ಹಟ ಹಿಡಿದಿದ್ದರು. ಕಾಫಿ ಕುಯಿಲು ಮುಗಿದು ಕಾಳುಮೆಣಸಿನ ಕಾಲ ಬಂದಾಗ, ಒಂದು ಭಾನುವಾರ ಮೈದಾನದಲ್ಲಿ ಪಂದ್ಯವಿತ್ತು. ಜೊತೆಗೆ ನಾನು ಹೊರಟೆ. ಹಂಸಾಕನ ಅಂಗಡಿ ದಾಟುತ್ತಲೇ ನಾನು ನಿಂತುಬಿಟ್ಟೆ. ದಾರಿಯುದ್ದಕ್ಕೂ ನೀಲಿ ಟಾರ್ಪಾಲುಗಳು, ಅವುಗಳ ಮೇಲೆ ಕಾಫಿ, ಮೆಣಸು. ಗೆರೆಯನ್ನು ಅಷ್ಟು ಯೋಚಿಸಿ ಎಳೆಸಿದ ನನಗೆ ಟಾರ್ಪಾಲಿನ ನೆನಪೇ ಬಂದಿರಲಿಲ್ಲ. ನಾನು ಪ್ರತಿಯೊಬ್ಬರೆದುರೂ ನಾಗರಿಕರ ಕರ್ತವ್ಯವನ್ನು ಕುರಿತು ಮಾತನಾಡಿದೆ. ಪಾಪ, ಎಲ್ಲರೂ ತಮ್ಮ ಟಾರ್ಪಾಲನ್ನು ಪಕ್ಕಕ್ಕೆ ಸರಿಸಿ ಕುರ್ಚಿಗೆ ಜಾಗ ಬಿಟ್ಟರು.

ಆದರೆ ಸಂಜೆಯವರೆಗೂ ಬಿಸಿಲಿರುವ ಕೊನೆಯ ತಿರುವಿನಲ್ಲಿ ದಾರಿಯ ಪೂರ್ತಿ ಅಗಲಕ್ಕೂ ಒಂದು ಟಾರ್ಪಾಲು ಹಾಸಿತ್ತು. ಅದರ ತುಂಬ ಹಸಿ ಮೆಣಸು. ಹತ್ತಿರ ಯಾರೂ ಇರಲಿಲ್ಲ.

"ಯಾವ ಅವಿವೇಕಿಯ ಕೆಲಸ ಇದು?" ಎಂದು ಗುಡುಗಿದೆ.

ಸುಬ್ಬಯ್ಯ ಮೂಲೆಯನ್ನು ಬೆರಳಿನಿಂದ ತೋರಿಸಿದ. ಬಿಳಿ ಬಣ್ಣದಲ್ಲಿ ನನ್ನ ಹೆಸರಿತ್ತು; ಬರೆದದ್ದೂ ನಾನೇ. ಅಷ್ಟರಲ್ಲಿ ಕಮಲ ಇನ್ನೊಂದು ಕುಕ್ಕೆ ಮೆಣಸು ಹೊತ್ತು ಬಂದಳು.

"ನಮ್ಮ ಕಣಕ್ಕೆ ಬಿಸಿಲೆಲ್ಲಿ ಉಂಟು?" ಎಂದಳು. "ಸಿಲ್ವರ್ ಓಕಿನ ಕೊಂಬೆ ಕಡಿಸಿ ಅಂತ ಹೇಳಿ ಹೇಳಿ ಸಾಕಾಯ್ತು. ನೆರಳಿಂದ ಒಣಗೋದಿಲ್ಲ ಅನ್ನೋದಕ್ಕೆ ಆಧಾರ ಎಂತ ಅಂತ ಕೇಳಿದ್ರಿ. ಬೆಳಿಗ್ಗೆ ಕೆರೆ ದಾರೀಲಿ ಹಾಕ್ತೇನೆ ಅಂದಾಗ ಪೇಪರ್ ಓದ್ತಾ ಹೂಂ ಅಂದ್ರಿ."

ಮೈದಾನದಿಂದ ಆಟ ಆರಂಭವಾದ ಸೀಟಿ ಕೇಳಿಸಿತು. ಸುಬ್ಬಯ್ಯನ ಕೈಗಳು ಗಾಲಿಗಳ ಮೇಲಿದ್ದವು. ನಾನು ಅವಸರದಲ್ಲಿ ಟಾರ್ಪಾಲಿನ ಒಂದು ತುದಿ ಹಿಡಿದು ಮೇಲಕ್ಕೆತ್ತಿದೆ. ಮೆಣಸು ಇನ್ನೊಂದು ತುದಿಯಿಂದ ಕೆಳಗುರುಳಿ ದಾರಿಯ ಒಂದು ಬದಿಗೆ ಹರಡಿಕೊಂಡಿತು. ಇನ್ನೊಂದು ಬದಿ ತೆರವಾಯಿತು.

"ಹೆಕ್ಕಿ ಈಗ," ಎಂದಳು ಕಮಲ.

"ನೀನು ಹೆಕ್ಕು ಮಾರಾಯ, ನಾನು ಹೋಗ್ತೇನೆ," ಎಂದ ಸುಬ್ಬಯ್ಯ. ಜೊತೆಗೆ ಹೋಗಬೇಕಾದವನು ಕುಕ್ಕರಗಾಲಿನಲ್ಲಿ ಕುಳಿತಿದ್ದೆ. ತಡೆಯುವವರು ಯಾರೂ ಇರಲಿಲ್ಲ. ಗಾಲಿಗಳು ಗೆರೆಗಳ ಮೇಲೆ ಕರಕರ ಸದ್ದು ಮಾಡುತ್ತ, ಎಲ್ಲಿಯೂ ಹೂತುಹೋಗದೆ, ಎಲ್ಲಿಯೂ ಜಾರದೆ ತಿರುವು ದಾಟಿದವು. ಅವನು ಹಿಂತಿರುಗಿ ನೋಡಲೂ ಇಲ್ಲ.

ಕೊನೆಯ ಸೀಟಿಯನ್ನು ಸುಬ್ಬಯ್ಯ ಮೈದಾನದಲ್ಲಿಯೇ ಕೇಳಿದ. ನಾನೂ ಕೇಳಿದೆ, ಆ ತಿರುವಿನಲ್ಲಿ, ಕೈಯಲ್ಲೊಂದು ಕಡ್ಡಿ ಹಿಡಿದು ಗೆರೆಯಿಂದ ಮೆಣಸು ಕೆದಕುತ್ತ. ಗೆದ್ದವರಾರೆಂದು ತಿಳಿಯಲು ನಾನೀಗ ಹಂಸಾಕನ ಅಂಗಡಿಗೆ ಹೋಗಬೇಕಿತ್ತು. ಊರಿನವರ ಮಾತನ್ನೆಲ್ಲ ಪರೀಕ್ಷಿಸಿ ತಳ್ಳಿಹಾಕಿದ ನಾನು, ಸಭೆಯಲ್ಲಿ ಮೇಜು ಗುದ್ದಿ ಹೇಳಿದ ನನ್ನ ಮಾತನ್ನು ಪರೀಕ್ಷಿಸಿದ್ದು ಅಂದೇ ಮೊದಲು. ಅದರಲ್ಲಿ ಒಂದಿಷ್ಟೂ ಉತ್ಪ್ರೇಕ್ಷೆಯಿರಲಿಲ್ಲ: ಆ ಗೆರೆಯೊಳಗೆ ಬಿದ್ದ ಕಾಳನ್ನು ಎತ್ತುವುದು ಯಾರಿಂದಲೂ ಆಗುವ ಕೆಲಸವಲ್ಲ.