ವಸ್ತಿ ಬಸ್ಸಿನ ನಿದ್ದೆ

ನಿದ್ದೆ ಬರುವುದಿಲ್ಲ ಎಂದು ಕೊರಗುವವರ ಮೇಲೆ ಲೋಕಕ್ಕೆ ಕನಿಕರವಿದೆ. ಅವರಿಗೆ ಮಾತ್ರೆಯುಂಟು, ಕಷಾಯವುಂಟು, ಅಂಗಾಲಿಗೆ ಎಣ್ಣೆ ತಿಕ್ಕುವವರುಂಟು. ಬಂದ ನಿದ್ದೆ ಹೋಗದವನ ಗೋಳು ಮಾತ್ರ ಯಾರಿಗೂ ಗೋಳಾಗಿ ಕಾಣುವುದಿಲ್ಲ. ನಾನು ಆ ಎರಡನೆಯ ಪಂಗಡದವನು. ಚಿಕ್ಕಂದಿನಲ್ಲಿ ಅಪ್ಪ ನನ್ನನ್ನು ಚಕ್ಕಡಿಯಲ್ಲಿ ಕನಕಗಿರಿ ಸಂತೆಗೆ ಕರೆದುಕೊಂಡು ಹೋಗಿದ್ದರು. ಹೋಗುವಾಗ ಹುಲ್ಲಿನ ಮೇಲೆ ಮಲಗಿದವನು ಮನೆಗೆ ಮರಳಿದ ಮೇಲೇ ಎದ್ದೆ. ಸಂತೆ ಹೇಗಿತ್ತೆಂದು ಕೇಳಿದ ಗೆಳೆಯರಿಗೆ "ಭಾಳ ಛಲೋ ಇತ್ತು" ಎಂದುಬಿಟ್ಟೆ. ಮದುವೆಯಾದ ಮೇಲೆ ಹೆಂಡತಿ ಒಂದು ತಿಂಗಳು ಪ್ರಯತ್ನಪಟ್ಟು, "ನಿಮ್ಮನ್ನ ಎಬ್ಬಸೂದ್ಕಿಂತ ನಾನ ಹೋಗಿ ಡ್ಯೂಟಿ ಮಾಡಿ ಬರೂದು ಸರಳ ಐತಿ ನೋಡ್ರಿ" ಎಂದು ಕೈ ತೊಳೆದುಕೊಂಡಳು.

ಇಂಥವನಿಗೆ ಸಿಕ್ಕಿದ್ದು ಬಸ್ಸಿನ ಕೆಲಸ, ಅದರಲ್ಲೂ ವಸ್ತಿ ಬಸ್ಸಿನದು. ಸಂಜೆ ಹಳ್ಳಿಗೆ ಹೋಗಿ, ಅಲ್ಲೇ ತಂಗಿ, ಬೆಳಗಿನ ಐದೂಮುಕ್ಕಾಲಿಗೆ ಕೊಪ್ಪಳಕ್ಕೆ ಹೊರಡಬೇಕು. ಕುಕನೂರಿನ ಆಚೆಗಿರುವ ಆ ಹಳ್ಳಿಯ ಹೆಸರನ್ನು ಹೇಳುವುದಿಲ್ಲ. ನಮ್ಮ ಡಿಪೋದಲ್ಲಿ ಓದುವ ಚಟದವರು ಒಬ್ಬಿಬ್ಬರಿದ್ದಾರೆ. ಟಿಕೆಟ್ ಕೊಡುವವನೂ ನಾನೇ, ಗಾಡಿ ಓಡಿಸುವವನೂ ನಾನೇ. ಹಾಗಾಗಿ ನಾನೊಬ್ಬ ಮಲಗಿದರೆ ಡ್ರೈವರ್, ಕಂಡಕ್ಟರ್ ಇಬ್ಬರೂ ಮಲಗಿದ ಲೆಕ್ಕ. ಸ್ಟೇರಿಂಗ್ ಹಿಡಿದ ಮೇಲೆ ನಿದ್ದೆ ನನ್ನ ಹತ್ತಿರ ಸುಳಿಯುವುದಿಲ್ಲ, ಆ ಬಗ್ಗೆ ನೀವು ಗಾಬರಿಯಾಗಬೇಕಿಲ್ಲ. ಮೊಬೈಲಿನ ಅಲಾರಂ ಇಟ್ಟುಕೊಳ್ಳಬಾರದೇ ಎಂದು ಕೇಳುತ್ತೀರಿ. ಇಟ್ಟುಕೊಳ್ಳುತ್ತೇನೆ. ಅದು ಬಡಿದುಕೊಳ್ಳುವುದೂ ನಿಜ, ನನ್ನ ಬಲಗೈ ಎದ್ದು ಅದರ ಬಾಯಿ ಮುಚ್ಚುವುದೂ ನಿಜ. ಎಚ್ಚರವಾಗುವುದು ಕೈಯೊಂದೇ.

ಮೂರು ವರ್ಷಗಳಿಂದ ನನ್ನ ಮರ್ಯಾದೆ ಉಳಿಸಿದವಳು ಚಾಂದಬೀ. ಬಸ್ಸು ನಿಲ್ಲುವ ಬೇವಿನ ಮರದ ಎದುರಿಗೇ ಅವಳ ಮನೆ. ಎಪ್ಪತ್ತು ದಾಟಿದ ಬಳೆಗಾರ್ತಿ. ಬೆಳಗಿನ ನಮಾಜಿಗೆ ಎದ್ದವಳು ಒಲೆಯ ಮೇಲೆ ಚಹಾ ಇಟ್ಟು, ನಾನು ಮಲಗುವ ಹಿಂದಿನ ಉದ್ದ ಸೀಟಿನ ಕಿಟಕಿಗೆ ಕೋಲಿನಿಂದ ಬಡಿಯುತ್ತಿದ್ದಳು. "ಏಳೋ ತಮ್ಮಾ, ಊರ ಮಂದಿ ಬಂದು ನಿಂತಾರ." ಹಾಗೆಂದಾಗ ಒಬ್ಬರೂ ಬಂದಿರುತ್ತಿರಲಿಲ್ಲ. ಆದರೂ ನಾನು ದಿನಾಲೂ ನಂಬಿ ಏಳುತ್ತಿದ್ದೆ. ಅವಳ ಕೋಲಿನ ಸದ್ದಿಗೆ ನಾನೊಬ್ಬನೇ ಅಲ್ಲ, ಊರೇ ಹೊಂದಿಕೊಂಡಿತ್ತು. ಹಾಲಿನ ಕ್ಯಾನಿನವರು, ಕಾಲೇಜಿನ ಹುಡುಗಿಯರು ಆ ಸದ್ದು ಕೇಳಿದ ಮೇಲೇ ಚಪ್ಪಲಿ ಹುಡುಕುತ್ತಿದ್ದರು.

ಅವಳ ಕಣ್ಣಿಗೆ ಪೊರೆ ಬಂದಿತ್ತು. ಕೈ ಮುಟ್ಟಿದರೆ ಬಳೆಯ ಅಳತೆ ತಿಳಿಯುತ್ತಿತ್ತು, ಬಣ್ಣ ತಿಳಿಯುತ್ತಿರಲಿಲ್ಲ. ಒಂದು ಮನೆಯಲ್ಲಿ ಚೊಚ್ಚಲ ಬಸುರಿಯ ಕುಬಸದ ಶಾಸ್ತ್ರಕ್ಕೆ ಕರೆದಾಗ ಹಸಿರು ಬಳೆಯೆಂದು ನೀಲಿ ಬಳೆ ತೊಡಿಸಿ ಬಂದಿದ್ದಳು. ಅಲ್ಲಿಯೇ ಯಾರೂ ಏನೂ ಅನ್ನಲಿಲ್ಲ. ಆಮೇಲೆ ಕರೆಯುವುದನ್ನೇ ಕಡಿಮೆ ಮಾಡಿದರು. "ಅಂದಿದ್ರ ಛಲೋ ಇತ್ತಪಾ, ಸುಮ್ಮನಾಗಿಬಿಟ್ರು" ಎಂದು ಚಹಾದ ಲೋಟ ಕೊಡುತ್ತಾ ಒಮ್ಮೆ ಹೇಳಿದ್ದಳು. ಕಡೆಗೆ ಕೊಪ್ಪಳದ ಆಸ್ಪತ್ರೆಯೊಂದರಲ್ಲಿ ಆಪರೇಷನ್ನಿಗೆ ದಿನ ಗೊತ್ತಾಯಿತು. ಬೆಳಿಗ್ಗೆ ಎಂಟರೊಳಗೆ ಹೆಸರು ಬರೆಸಬೇಕು, ತಪ್ಪಿದರೆ ಮುಂದಿನ ಸರದಿ ಯಾವಾಗಲೋ. ಗಂಗಾವತಿಯಲ್ಲಿರುವ ಮಗಳು ನೇರ ಆಸ್ಪತ್ರೆಗೇ ಬರುವವಳಿದ್ದಳು. "ನನ್ನ ಬಸ್ಸಿನ್ಯಾಗ ಬರ್ರಿ ಅಮ್ಮಾ, ಏಳೂವರಿಗೆಲ್ಲಾ ಮುಟ್ಟಸ್ತೀನಿ" ಎಂದು ಹಿಂದಿನ ಸಂಜೆ ದೊಡ್ಡದಾಗಿ ಮಾತು ಕೊಟ್ಟು ಮಲಗಿದೆ.

ಮುಖಕ್ಕೆ ಬಿಸಿಲು ಬಡಿದು ಎಚ್ಚರವಾಯಿತು. ಕಣ್ಣು ಬಿಟ್ಟರೆ ಎದುರಿಗೆ ಸಾಲಾಗಿ ಹದಿನಾಲ್ಕು ತಲೆಗಳ ಹಿಂಭಾಗ. ಹೋಗುವವರೆಲ್ಲ ಹತ್ತಿ ಪಿಟ್ಟೆನ್ನದೆ ಕುಳಿತಿದ್ದಾರೆ, ಗಾಡಿ ಮಾತ್ರ ಹೊರಟಿಲ್ಲ. ನಿದ್ದೆಗಣ್ಣಿನಲ್ಲಿ ನಾನು ಸಿಟ್ಟಿನಿಂದಲೇ ಕೇಳಿದೆ, "ಯಾಕ ಬಸ್ ಬಿಟ್ಟಿಲ್ಲ? ಡ್ರೈವರ್ ಎಲ್ಲಿ ಹೋಗ್ಯಾನ?"

ಹದಿನಾಲ್ಕು ತಲೆಗಳೂ ಹಿಂದಕ್ಕೆ ತಿರುಗಿ ನನ್ನನ್ನು ನೋಡಿದವು. ಗಂಟೆ ಆರೂ ನಲವತ್ತು.

ನಡೆದದ್ದು ಇಷ್ಟು. ಚಾಂದಬೀ ಎಲ್ಲರಿಗಿಂತ ಮೊದಲು ಬಂದು, ಬಾಗಿಲು ಸರಿಸಿ ಹತ್ತಿ, ಮುಂದಿನ ಸೀಟಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತಿದ್ದಳು. ಬಂದವರು ಬಂದಹಾಗೆ ಅವಳನ್ನು ನೋಡಿ, ಎಬ್ಬಿಸುವವಳೇ ಕುಳಿತಿದ್ದಾಳೆಂದರೆ ಇನ್ನೂ ಹೊತ್ತಾಗಿಲ್ಲ ಎಂದು ತಾವೂ ಕುಳಿತರು. ಕೈಯಲ್ಲಿ ಮೊಬೈಲ್ ಹಿಡಿದಿದ್ದ ಹಾಲಿನವನನ್ನು ಕೇಳಿದರೆ, "ನಂದ ತಪ್ಪ ತೋರಸಾಕತ್ತೈತಿ ಅನ್ಕೊಂಡ್ನಿರಿ" ಎಂದ.

ನಾನು ಮುಂದೆ ಹೋಗಿ, "ಅಮ್ಮಾ, ಇವತ್ತರ ಎಬ್ಬಸಬಾರದೇನ್ರಿ? ನಿಮ್ಮ ಕಣ್ಣಿನ ಕೆಲಸ ಐತಿ" ಎಂದೆ.

ಅವಳು ನಾಚಿಕೊಂಡವಳಂತೆ ಸೆರಗು ಸರಿಮಾಡಿಕೊಂಡಳು. "ದಿನಾ ಊರ ಮಂದಿ ಸಲುವಾಗಿ ಎಬ್ಬಸ್ತಿದ್ನೆಪಾ. ಇವತ್ತ ನನ್ನ ಸಲುವಾಗಿ ಹೆಂಗ ಎಬ್ಬಸಲಿ? ದಣದು ಮಲಗಿದ ಜೀವ."

ನಾನು ಹೋಗಿ ಸ್ಟೇರಿಂಗ್ ಹಿಡಿದು ಗಾಡಿ ಬಿಟ್ಟೆ. ನನ್ನ ನಿದ್ದೆಯ ಬಗ್ಗೆ ನಾನು ಊರೂರಲ್ಲಿ ನಗೆಚಾಟಿಕೆ ಹೇಳಿಕೊಂಡು ತಿರುಗಿದವನು. ಅಂದು ಮೊದಲ ಬಾರಿಗೆ ಅದರ ಬಗ್ಗೆ ನಿಜವಾಗಿ ನಾಚಿಕೆಯಾಯಿತು. ತಡವಾಯಿತೆಂದು ದಾರಿಯಲ್ಲಿ ಗಾಡಿಯನ್ನು ಮಿತಿಮೀರಿ ಓಡಿಸಲಿಲ್ಲ. ಅಷ್ಟು ಜನರ ಜೀವ ಕೈಯಲ್ಲಿತ್ತು. ಕುಕನೂರಿನಲ್ಲಿ ಕುಡಿಯುವ ಚಹಾ ಮಾತ್ರ ಬಿಟ್ಟೆ. ಕೊಪ್ಪಳ ಮುಟ್ಟಿದಾಗ ಎಂಟೂಕಾಲು. ಗಾಡಿ ನಿಲ್ಲಿಸಿ, ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದೆ.

ಮಗಳು ಬಾಗಿಲಲ್ಲೇ ಅಳುಮುಖ ಮಾಡಿಕೊಂಡು ನಿಂತಿದ್ದಳು. ಹೆಸರಿನ ಪಟ್ಟಿ ಆಗಲೇ ಒಳಗೆ ಹೋಗಿತ್ತು. ನಾನು ನರ್ಸಮ್ಮನ ಎದುರು ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ತಪ್ಪು ಇವರದಲ್ಲ, ನನ್ನ ನಿದ್ದೆಯದು, ಬಯ್ಯುವುದಿದ್ದರೆ ನನ್ನನ್ನು ಬಯ್ಯಿರಿ ಎಂದೆ. ಅವರು ನನ್ನ ಖಾಕಿ ಬಟ್ಟೆಯನ್ನೂ ಚಾಂದಬೀಯನ್ನೂ ನೋಡಿ, "ಇವರು ನಿಮಗ ಏನಾಗಬೇಕ್ರಿ?" ಎಂದು ಕೇಳಿದರು.

ಏನೆಂದು ಹೇಳುವುದು? "ನನ್ನ ಅಲಾರಂ ರೀ" ಎಂದೆ.

ನರ್ಸಮ್ಮ ನಕ್ಕುಬಿಟ್ಟರು. ನಕ್ಕಮೇಲೆ ಬೇಡವೆನ್ನುವುದು ಯಾರಿಗಾದರೂ ಕಷ್ಟ. ಒಳಗೆ ಹೋಗಿ ಕೇಳಿಕೊಂಡು ಬಂದು, ಹೆಸರನ್ನು ಪಟ್ಟಿಯ ಕೊನೆಗೆ ಸೇರಿಸಿಕೊಂಡರು. ಸಂಜೆ ಮಗಳ ಫೋನ್ ಬಂತು, ಎಲ್ಲ ಸುಸೂತ್ರವಾಗಿತ್ತು. ಒಲೆಯ ಹೊಗೆ ತಾಗಬಾರದೆಂದು ಡಾಕ್ಟರು ಹೇಳಿದ್ದರಿಂದ ಚಾಂದಬೀ ಒಂದು ತಿಂಗಳು ಗಂಗಾವತಿಯಲ್ಲೇ ಉಳಿದಳು. ಆ ತಿಂಗಳು ಊರವರು ಪಾಳಿ ಹಚ್ಚಿಕೊಂಡು ನನ್ನನ್ನು ಎಬ್ಬಿಸಿದರು. ಒಬ್ಬ ಹಾರ್ನ್ ಬಾರಿಸಿದ, ಒಬ್ಬ ಕಾಲು ಹಿಡಿದು ಎಳೆದ. ಎದ್ದೆ, ಆದರೆ ಚಹಾ ಇರಲಿಲ್ಲ, ತಮ್ಮಾ ಎನ್ನುವವರಿರಲಿಲ್ಲ. ಬೆಳಗು ಬರೀ ಬೆಳಗಾಗಿತ್ತು.

ಅವಳು ಮರಳಿದ ಮರುದಿನ ಮತ್ತೆ ಕಿಟಕಿಗೆ ಕೋಲು ಬಡಿಯಿತು. ನಾನು ಒಂದೇ ಏಟಿಗೆ ಎದ್ದು ಹೊರಗೆ ಮುಖ ಹಾಕಿದೆ. ಚಾಂದಬೀ ಲೋಟ ಹಿಡಿದವಳು ಹಾಗೇ ನಿಂತು, ನನ್ನ ಹಣೆ, ಮೀಸೆ, ತಲೆ ಎಲ್ಲವನ್ನೂ ಬಳೆಯ ಬಣ್ಣ ನೋಡುವಂತೆ ನೋಡಿದಳು.

"ಯಾ ಅಲ್ಲಾ, ತಲಿಯೆಲ್ಲಾ ಬೆಳ್ಳಗ ಐತಲ್ರಿ. ಆ ನಿದ್ದಿ ನೋಡಿ ಇಪ್ಪತ್ತೈದರ ಹುಡಗ ಅನ್ಕೊಂಡಿದ್ದೆ. ತಪ್ಪಾತ್ರಿ. ಹಿರ್ಯಾರಿಗೆ ಕೋಲ್ಲೆ ಬಡದು ಎಬ್ಬಸಿದ್ನಲ್ಲಾ. ನಾಳಿಂದ ಚಹಾ ಇಲ್ಲೇ ಕಟ್ಟಿ ಮ್ಯಾಲ ಇಟ್ಟಿರ್ತೀನಿ, ನೀವ ಎದ್ದು ಕುಡೀರಿ."

ಕಣ್ಣು ಬಂದದ್ದಕ್ಕೆ ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ, ಸುಳ್ಳು ಹೇಳುವುದಿಲ್ಲ. ಆದರೆ ಆ ದಿನ ಕೊಪ್ಪಳದಲ್ಲಿ ಇಳಿದವನು ಸೀದಾ ಹಜಾಮರ ಅಂಗಡಿಗೆ ಹೋಗಿ ತಲೆಗೂ ಮೀಸೆಗೂ ಕಪ್ಪು ಹಚ್ಚಿಸಿಕೊಂಡು ಬಂದೆ. ಅದರಿಂದ ಚಾಂದಬೀ ಮೋಸ ಹೋಗಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು ನಕ್ಕು, ಮರುದಿನದಿಂದ ಮತ್ತೆ ಕೋಲು ಹಿಡಿದಳು. ತೊಂದರೆಯಾದದ್ದು ಮನೆಯಲ್ಲಿ. ಐವತ್ತೆಂಟು ತುಂಬಿದ ಗಂಡ ಇದ್ದಕ್ಕಿದ್ದಂತೆ ಯಾರಿಗಾಗಿ ಹೀಗೆ ಕಪ್ಪಗಾದ ಎಂದು ಹೆಂಡತಿ ದಿನಕ್ಕೆ ಎರಡು ಸಲ ಕೇಳುತ್ತಾಳೆ. ಬೆಳಗಿನ ಜಾವ ಒಂದು ಮುದುಕಿಯ ಕೈಯಲ್ಲಿ "ಏಳೋ ತಮ್ಮಾ" ಅನ್ನಿಸಿಕೊಳ್ಳಲು ಎಂದು ಹೇಳಿದರೆ, ನೀವೇ ಹೇಳಿ, ಯಾವ ಹೆಂಡತಿ ನಂಬುತ್ತಾಳೆ?