ಕುಲುಕದ ಕಾರು

ಡ್ರಾಯಿಂಗ್ ಮೇಷ್ಟ್ರ ಗ್ರಹಚಾರ ಕೆಟ್ಟಿದ್ದು ಬರೀ ಮೂರು ಇಂಚಿನಿಂದ. ಬೆಳಿಗ್ಗೆ ಎಂಟು ಗಂಟೆಗೆ ಅವರು ಮನೆಯ ಪಕ್ಕದ ಶೆಡ್ಡಿನಲ್ಲಿ ನಾಲ್ಕೂ ಜಾಕುಗಳನ್ನು ಒಂದೊಂದಾಗಿ ಇಳಿಸಿ, ಎಂಟು ತಿಂಗಳಿಂದ ಗಾಳಿಯಲ್ಲಿ ನಿಂತಿದ್ದ ಹಳೆಯ ಕಾರನ್ನು ಅದರ ಸ್ವಂತ ಚಕ್ರಗಳ ಮೇಲೆ ನಿಲ್ಲಿಸಿದರು. ಕಾರು ಉಸಿರು ಬಿಟ್ಟಂತೆ ಒಮ್ಮೆ ತಗ್ಗಿ, ಮತ್ತೆ ಎದ್ದು, ಹೊಸದಾಗಿ ಕೆಲಸಕ್ಕೆ ಸೇರಿದ ಪೊಲೀಸಿನವನ ಹಾಗೆ ಎದೆ ಸೆಟೆಸಿ ನಿಂತಿತು. ಮೇಷ್ಟ್ರ ಕಣ್ಣು ಮಂಜಾಯಿತು. ಕಣ್ಣೊರೆಸಿಕೊಂಡು ಬಾಗಿಲ ಕಡೆ ನೋಡಿದರೆ, ಬಾಗಿಲ ಮೇಲಿನ ತೊಲೆ ಕಾರಿನ ನೆತ್ತಿಗಿಂತ ಮೂರು ಇಂಚು ಕೆಳಗಿತ್ತು.

ಒಳಗೆ ಬರುವಾಗ ಇದೇ ಕಾರು ಸಲೀಸಾಗಿ ಬಂದಿತ್ತು. ಆಗ ಅದರ ಕುಲುಕಾಟ ತಡೆಯುವ ಕಮಾನು ಪಟ್ಟಿಗಳು ಮುರಿದು, ಚಾಸಿಯ ಚೌಕಟ್ಟು ತುಕ್ಕು ಹಿಡಿದು, ಹೊಟ್ಟೆ ನೆಲಕ್ಕೆ ತಾಗುತ್ತಿತ್ತು. ಮೇಷ್ಟ್ರು ಮೇಲಿನ ಬಾಡಿಯನ್ನು ಬಿಚ್ಚಿ ಸರಪಳಿಯಲ್ಲಿ ತೂಗುಹಾಕಿ, ಕೆಳಗಿನ ಚಾಸಿಯ ತುಕ್ಕನ್ನು ತಂತಿ ಬ್ರಷ್ಷಿನಿಂದ ಅಂಗುಲ ಅಂಗುಲವಾಗಿ ಉಜ್ಜಿದ್ದರು. ತೂತು ಬಿದ್ದ ಕಡೆ ವೆಲ್ಡರನಿಂದ ತೇಪೆ ಹಾಕಿಸಿದ್ದರು. ಮೂಲೆಯಿಂದ ಮೂಲೆಗೆ ದಾರ ಹಿಡಿದು ಅಳೆದಾಗ ಎರಡು ದಾರಕ್ಕೂ ಅರ್ಧ ಇಂಚು ವ್ಯತ್ಯಾಸ ಬಂತೆಂದು, ಹಾಕಿಸಿದ ತೇಪೆಯನ್ನೇ ಕೀಳಿಸಿ ಮತ್ತೆ ಹಾಕಿಸಿದ್ದರು. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಚೌಕ ಬರೆಯಲು ಕಲಿಸಿದ ಮನುಷ್ಯ ಸೊಟ್ಟ ಚೌಕಟ್ಟನ್ನು ಸಹಿಸಿಕೊಳ್ಳುವುದುಂಟೆ. ಪಟ್ಟಿಗಳನ್ನು ಕಮ್ಮಾರ ಕಾಯಿಸಿ ಹೊಸದಾಗಿ ಬಾಗಿಸಿಕೊಟ್ಟಿದ್ದ. ಇಷ್ಟೆಲ್ಲ ಆದ ಮೇಲೆ ಬೆನ್ನು ನೆಟ್ಟಗಾದ ಕಾರು ಮೊದಲಿಗಿಂತ ಎತ್ತರವಾಗುತ್ತದೆ ಎಂಬುದು ಮಾತ್ರ ಅವರ ಯಾವ ನಕ್ಷೆಯಲ್ಲೂ ಇರಲಿಲ್ಲ.

ಸಂಜೆ ನಾಲ್ಕೂವರೆಗೆ ಅತ್ತಿಗೆಯ ರೈಲು.

ಮೇಷ್ಟ್ರಿಗೆ ಒಂಬತ್ತು ವರ್ಷವಾಗಿದ್ದಾಗ ಅಣ್ಣನ ಕೈ ಹಿಡಿದು ಮನೆಗೆ ಬಂದವರು ಈ ಅತ್ತಿಗೆ. ತಾಯಿಯಿಲ್ಲದ ಹುಡುಗನ ತಲೆ ಬಾಚಿ, ಸ್ಕೂಲಿಗೆ ಕಳಿಸಿ, ಜ್ವರ ಬಂದರೆ ಪಕ್ಕದಲ್ಲಿ ಕೂತು ಸಾಕಿದರು. ಮೇಷ್ಟ್ರು ಮದುವೆಯಾಗಲಿಲ್ಲ. ಎರಡು ಬೀದಿ ಆಚೆ ಬೇರೆ ಮನೆ ಮಾಡಿದರೂ ರಾತ್ರಿಯ ಊಟ ಅತ್ತಿಗೆಯ ಮನೆಯಲ್ಲೇ. ಹೋದ ವರ್ಷ ಅಣ್ಣ ತೀರಿಕೊಂಡರು. ಅತ್ತಿಗೆಯ ತಂಗಿ ದೂರದ ಊರಿನಿಂದ ಪತ್ರದ ಮೇಲೆ ಪತ್ರ ಹಾಕತೊಡಗಿದಳು: ಒಬ್ಬಳೇ ಯಾಕೆ ಇರ್ತೀಯ, ಇಲ್ಲಿಗೇ ಬಂದುಬಿಡು. ಒಂದು ರಾತ್ರಿ ಬಡಿಸುತ್ತ ಅತ್ತಿಗೆ ಹೇಳಿದರು:

"ನಿಮ್ಮಣ್ಣನ ಕಾರು ರೆಡಿಯಾಗಲಿ ಪುಟ್ಟು. ಅದರಲ್ಲೇ ನನ್ನನ್ನ ಸ್ಟೇಷನ್‌ಗೆ ಬಿಟ್ಟುಬಿಡು. ಆವತ್ತು ಹೊರಡ್ತೀನಿ."

ಐವತ್ತು ದಾಟಿದ ಪುಟ್ಟು ಕಲಸಿದ ತುತ್ತನ್ನು ತಟ್ಟೆಗೇ ಬಿಟ್ಟರು. ಹೋಗಬೇಡಿ ಅನ್ನಬೇಕು ಎಂದುಕೊಂಡರು. ಆದರೆ ಒಡಹುಟ್ಟಿದವಳ ಜೊತೆ ಇರುವ ಆಸೆ ಅವರಿಗಿದ್ದರೆ ಅಡ್ಡ ಬರಲು ತಾನು ಯಾರು. ಬೋರ್ಡಿನ ಮೇಲೆ ಬರೆಯುವುದೇನಿದ್ದರೂ ಸೈ, ಬಾಯಿಬಿಟ್ಟು ಹೇಳುವುದು ಅವರಿಗೆ ಹುಟ್ಟಿನಿಂದಲೂ ಬಾರದ ವಿದ್ಯೆ. "ಆಗಲಿ ಅತ್ತಿಗೆ" ಎಂದರು. ಮಾರನೆಯ ದಿನವೇ ಕಾರನ್ನು ಎಳೆದು ತಂದರು. ಅತ್ತಿಗೆ ಕೇಳಿದ್ದು ಇದೊಂದೇ; ಇದರಲ್ಲಿ ಅವರಿಗೆ ಒಂದು ಕುಲುಕಾಟವೂ ತಾಗಬಾರದು ಎಂದು ಪಣ ತೊಟ್ಟರು. ಅಂದಿನಿಂದ ರಾತ್ರಿಯ ಊಟಕ್ಕೂ ಹೋಗಲಿಲ್ಲ. ಅತ್ತಿಗೆ ಕ್ಯಾರಿಯರಿನಲ್ಲಿ ಊಟ ಕಳಿಸುತ್ತಿದ್ದರು, ಮೇಷ್ಟ್ರು ಗ್ರೀಸು ಕೈಯಲ್ಲೇ ತಿಂದು ಮತ್ತೆ ಚಾಸಿಯ ಕೆಳಗೆ ನುಸುಳುತ್ತಿದ್ದರು.

ಈಗ ತೊಲೆ ನೋಡುತ್ತ ನಿಂತ ಅವರಿಗೆ ಬೆನ್ನ ಹಿಂದೆ ಕೆಮ್ಮು ಕೇಳಿಸಿತು. ಎದುರು ಮನೆಯ ನಿವೃತ್ತ ಬಾಯ್ಲರ್ ಇನ್ಸ್‌ಪೆಕ್ಟರು. ಕೆಲಸ ಬಿಟ್ಟು ಆರು ವರ್ಷವಾದರೂ ಅವರ ತಪಾಸಣೆ ನಿಂತಿರಲಿಲ್ಲ. ಬೀದಿಯಲ್ಲಿ ಯಾರ ಮನೆಯ ಕುಕ್ಕರು ಕೂಗಿದರೂ ಎದ್ದು ಕೂರುತ್ತಿದ್ದರು.

"ಹೊರಗೆ ಬರಲ್ಲ ಇದು" ಎಂದರು ಇನ್ಸ್‌ಪೆಕ್ಟರು, ಹೆಣದ ಮುಂದೆ ನಿಂತ ಡಾಕ್ಟರ ದನಿಯಲ್ಲಿ.

"ಗೊತ್ತಾಯ್ತು ಸರ್. ತೊಲೆ ಒಡೆಸಿಬಿಡ್ಲಾ ಅಂತ."

"ತೊಲೆ ಒಡೆದರೆ ಛಾವಣಿ ಕಾರಿನ ಮೇಲೆ. ಆಮೇಲೆ ಎತ್ತರದ ಸಮಸ್ಯೆ ಇರಲ್ಲ, ಅದೇನೋ ನಿಜ."

ಮಾತು ಕೇಳಿ ಮೂಲೆಯ ಅಂಗಡಿಯ ದರ್ಜಿ ಕುತ್ತಿಗೆಗೆ ಟೇಪು ನೇತುಹಾಕಿಕೊಂಡೇ ಬಂದ. ಯಾರೂ ಕೇಳದಿದ್ದರೂ ಬಾಗಿಲನ್ನೂ ಕಾರನ್ನೂ ಅಳೆದ. "ಮೂರೂ ಕಾಲು ಇಂಚು ಬಿಗಿ" ಎಂದ. "ಬಟ್ಟೆಯಾಗಿದ್ರೆ ಪಕ್ಕದಲ್ಲಿ ಬಿಚ್ಚಿ ಕೊಡ್ತಿದ್ದೆ."

ಟೈರಿನ ಗಾಳಿ ಬಿಡೋಣ ಎಂಬುದು ಅವನದೇ ಸಲಹೆ. ಬಿಟ್ಟರು. ಒಂದೂವರೆ ಇಂಚು ಇಳಿಯಿತು. ಇನ್ನೂ ಒಂದೂ ಮುಕ್ಕಾಲು ಉಳಿಯಿತು. ಅಷ್ಟರಲ್ಲಿ ಡ್ಯೂಟಿ ಮುಗಿಸಿ ಬರುತ್ತಿದ್ದ ಪಕ್ಕದ ಮನೆಯ ನರ್ಸಮ್ಮ ಶೆಡ್ಡಿನೊಳಗೆ ಇಣುಕಿದರು. ಗಂಡಸರು ಮೂವರೂ ತಲೆಯ ಮೇಲೆ ಕೈ ಹೊತ್ತು ನಿಂತಿದ್ದನ್ನು ನೋಡಿ ವಿಷಯ ಕೇಳಿದರು.

"ಅದಕ್ಯಾಕೆ ಇಷ್ಟು ಒದ್ದಾಟ. ಒಳಗೆ ಹತ್ತಿ ಕೂತರೆ ತಾನೇ ತಗ್ಗಲ್ವಾ? ಮಂಚದ ಮೇಲೆ ರೋಗಿ ಕೂತರೆ ಹಾಸಿಗೆ ಇಳಿಯಲ್ವಾ?"

ಎಂಟು ತಿಂಗಳು ಕಾರಿನ ಕೆಳಗೆ ಮಲಗಿದ್ದ ಮೇಷ್ಟ್ರಿಗೆ ಕಾರಿನ ಒಳಗೆ ಕೂರುವ ಯೋಚನೆಯೇ ಬಂದಿರಲಿಲ್ಲ.

ಇನ್ಸ್‌ಪೆಕ್ಟರು ಮುಂದೆ ಕೂತರು. ನರ್ಸಮ್ಮ, ದರ್ಜಿ ಹಿಂದೆ. ಸಾಲಲಿಲ್ಲವೆಂದು ದರ್ಜಿ ತನ್ನ ಎರಡು ಹೊಲಿಗೆ ಮೆಷಿನ್ನಿನ ತಲೆಗಳನ್ನು ತಂದು ಮಡಿಲಲ್ಲಿಟ್ಟುಕೊಂಡ. ಡಿಕ್ಕಿಯಲ್ಲಿ ಮರಳಿನ ನಾಲ್ಕು ಮೂಟೆ. ಮೇಷ್ಟ್ರು ಸ್ಟೀರಿಂಗ್ ಹಿಡಿದು ಕಾರನ್ನು ಇಂಚಿಂಚಾಗಿ ಸರಿಸಿದರು. ತೊಲೆ ಕಾರಿನ ನೆತ್ತಿಯ ಹೊಸ ಬಣ್ಣವನ್ನು ಕ್ಷೌರಿಕನ ಕತ್ತಿಯಂತೆ ಉದ್ದಕ್ಕೂ ಕೆರೆದು ಬಿಟ್ಟಿತು. "ತಡೀರಿ" ಎಂದು ಇನ್ಸ್‌ಪೆಕ್ಟರು ಕೂಗುವ ಹೊತ್ತಿಗೆ ಕಾರು ಹೊರಗಿತ್ತು.

ಮತ್ತೆ ಟೈರುಗಳಿಗೆ ಗಾಳಿ ತುಂಬಲು ಇದ್ದದ್ದು ಒಂದು ಸೈಕಲ್ ಪಂಪು. ಸರದಿಯ ಮೇಲೆ ಹೊಡೆದರು. ನಾಲ್ಕನೇ ಟೈರಿನ ಹೊತ್ತಿಗೆ ಇನ್ಸ್‌ಪೆಕ್ಟರೇ ಸಿಡಿಯುವ ಬಾಯ್ಲರಿನಂತೆ ಕಾಣುತ್ತಿದ್ದರು. ಗಂಟೆ ಮೂರೂವರೆ. ಮರಳು, ಮೆಷಿನ್ನು ಇಳಿದವು. ಜನ ಇಳಿಯಲಿಲ್ಲ.

"ನಾನೊಬ್ಬನೇ ಹೋಗಿ ಬರ್ತೀನಿ" ಎಂದರು ಮೇಷ್ಟ್ರು ಮೆಲ್ಲಗೆ. ದಾರಿಯಲ್ಲಾದರೂ ಅತ್ತಿಗೆಯೊಡನೆ ನಾಲ್ಕು ಮಾತಾಡಬೇಕು ಎಂಬ ಆಸೆ ಅವರಿಗಿತ್ತು.

"ಇಷ್ಟು ಕಷ್ಟಪಟ್ಟು ಈಚೆ ತಂದಿದ್ದೀವಿ, ದಾರೀಲಿ ಏನಾದ್ರೂ ಆದ್ರೆ?" ಎಂದರು ನರ್ಸಮ್ಮ, ಸೀಟಿನಲ್ಲಿ ಇನ್ನಷ್ಟು ಗಟ್ಟಿಯಾಗಿ ಕೂತು.

"ಮೊದಲ ಓಡಾಟದಲ್ಲಿ ಒಬ್ಬ ತಿಳಿದವನು ಇರಬೇಕು" ಎಂದರು ಇನ್ಸ್‌ಪೆಕ್ಟರು. ದರ್ಜಿ ಕಿಟಕಿಯ ಗಾಜು ಇಳಿಸಿಕೊಂಡ.

ಅತ್ತಿಗೆ ಆಗಲೇ ಮನೆಗೆ ಬೀಗ ಹಾಕಿ, ಬೀಗದ ಕೈಯನ್ನು ಮನೆ ಮಾಲೀಕರಿಗೆ ಒಪ್ಪಿಸಿ, ಎರಡು ಪೆಟ್ಟಿಗೆಯ ಪಕ್ಕ ನಿಂತಿದ್ದರು. ಕಾರು ಬೀದಿಯ ತಿರುವಿನಲ್ಲಿ ಕಂಡಾಗ ಅವರು ಒಂದು ಹೆಜ್ಜೆ ಹಿಂದೆ ಸರಿದಂತೆ ಮೇಷ್ಟ್ರಿಗೆ ಅನಿಸಿತು. ಧೂಳಿಗೆ ಇರಬೇಕು ಎಂದುಕೊಂಡರು.

"ಬಂತಾ" ಎಂದರು ಅತ್ತಿಗೆ.

"ಬಂತು ಅತ್ತಿಗೆ. ಕೂತ್ಕೊಳ್ಳಿ."

ಇನ್ಸ್‌ಪೆಕ್ಟರು ಹಿಂದಕ್ಕೆ ಹೋಗಿ ಇಬ್ಬರ ನಡುವೆ ತುರುಕಿಕೊಂಡರು. ಅತ್ತಿಗೆ ಮುಂದೆ ಕೂತು ಕೈಚೀಲವನ್ನು ಎದೆಗವಚಿಕೊಂಡರು. ಅಗೆದು ಬಿಟ್ಟ ರಸ್ತೆ, ಎದ್ದ ಕಲ್ಲು, ಮುಚ್ಚಿಲ್ಲದ ಗುಂಡಿ ಎಲ್ಲದರ ಮೇಲೂ ಕಾರು ನೀರಿನ ಮೇಲೆ ದೋಣಿ ಹೋದಂತೆ ಹೋಯಿತು. ಪ್ರತಿ ಗುಂಡಿ ದಾಟಿದಾಗಲೂ ಮೇಷ್ಟ್ರು ಓರೆಗಣ್ಣಿನಲ್ಲಿ ಅತ್ತಿಗೆಯನ್ನು ನೋಡಿದರು. ಅವರು ಎದುರಿನ ರಸ್ತೆಯನ್ನೇ ನೋಡುತ್ತಿದ್ದರು.

ಒಮ್ಮೆ ಅತ್ತಿಗೆ, "ಪುಟ್ಟು, ಒಂದು ಮಾತು" ಎಂದರು.

"ಹೇಳಿ ಅತ್ತಿಗೆ."

ಹಿಂದಿನಿಂದ ಮೂರು ತಲೆಗಳು ಒಟ್ಟಿಗೆ ಮುಂದೆ ಬಾಗಿದವು. "ಏನಮ್ಮ, ತಲೆ ಸುತ್ತುತ್ತಾ?" ಎಂದರು ನರ್ಸಮ್ಮ.

"ಏನಿಲ್ಲ" ಎಂದು ಅತ್ತಿಗೆ ಮತ್ತೆ ರಸ್ತೆಯ ಕಡೆ ತಿರುಗಿದರು.

ಮಾರ್ಕೆಟ್ಟಿನ ಬಳಿ ಎಂಜಿನ್ನು ಕೆಮ್ಮಿ ನಿಂತಿತು. ಮೇಷ್ಟ್ರಿಗೆ, ರೈಲು ತಪ್ಪಿದರೆ ಇನ್ನೊಂದು ದಿನ ಸಿಗುತ್ತದಲ್ಲ ಎಂಬ ಪಾಪಿ ಯೋಚನೆ ಬಂತು. ಅದಕ್ಕೆ ತಮ್ಮನ್ನೇ ಬೈದುಕೊಂಡರು. ಆದರೆ ಹಿಂದಿನ ಮೂವರು ಯೋಚನೆ ಮಾಡುವವರಲ್ಲ. ಇಳಿದು, ದಾರಿಯಲ್ಲಿ ಹೋಗುತ್ತಿದ್ದ ಇನ್ನಿಬ್ಬರನ್ನು ಸೇರಿಸಿಕೊಂಡು, ಉಸಿರು ಕಟ್ಟಿ ತಳ್ಳಿದರು. ಎಂಜಿನ್ನು ಹತ್ತಿಕೊಂಡಿತು. ರೈಲು ಹೊರಡಲು ಏಳು ನಿಮಿಷ ಇರುವಾಗಲೇ ಸ್ಟೇಷನ್ ತಲುಪಿಸಿಬಿಟ್ಟರು.

ಪೆಟ್ಟಿಗೆಗಳನ್ನು ದರ್ಜಿ ಮತ್ತು ಇನ್ಸ್‌ಪೆಕ್ಟರು ಹೊತ್ತರು. ನರ್ಸಮ್ಮ ಅತ್ತಿಗೆಯ ತೋಳು ಹಿಡಿದು, ಆಪರೇಷನ್ನಿಗೆ ಕರೆದೊಯ್ಯುವವರಂತೆ, ಡಬ್ಬಿ ಹತ್ತಿಸಿ ಕಿಟಕಿಯ ಪಕ್ಕ ಕೂರಿಸಿ ಇಳಿದರು. ಆಮೇಲೆ ಮೂವರೂ ಕೆಲಸ ಮುಗಿಯಿತೆಂದು ಬೆವರು ಒರೆಸಿಕೊಳ್ಳುತ್ತ ಸ್ವಲ್ಪ ದೂರ ಸರಿದು ನಿಂತರು. ಮೇಷ್ಟ್ರು ಕಿಟಕಿಯ ಸರಳು ಹಿಡಿದರು. ಬೆಳಗಿನಿಂದ ಮೊದಲ ಬಾರಿಗೆ ಅವರಿಬ್ಬರೇ ಆದರು.

"ಎಷ್ಟು ನಾಜೂಕಾಗಿ ಮಾಡಿದೀಯ" ಎಂದರು ಅತ್ತಿಗೆ. "ಒಂದು ಸಲಾನೂ ಕುಲುಕಲಿಲ್ಲ."

ಈ ಒಂದು ಮಾತಿಗೆ ಎಂಟು ತಿಂಗಳು ಕಾದಿದ್ದ ಮೇಷ್ಟ್ರಿಗೆ ಅದು ಕಿವಿಗೆ ಬಿದ್ದಾಗ ಯಾಕೋ ಸಂತೋಷವಾಗಲಿಲ್ಲ. "ನೀವೇ ಹೇಳಿದ್ರಲ್ಲ ಅತ್ತಿಗೆ, ಕಾರು ರೆಡಿಯಾದ ದಿನ ಹೊರಡ್ತೀನಿ ಅಂತ. ಅದಕ್ಕೇ ಹಗಲೂ ರಾತ್ರಿ ಕೂತು ಮುಗಿಸಿದೆ."

ಅತ್ತಿಗೆ ಅವರ ಉಗುರಿನ ಸಂದಿಯ ಗ್ರೀಸನ್ನೇ ನೋಡಿದರು.

"ನಿಮ್ಮಣ್ಣ ಇಪ್ಪತ್ತೆರಡು ವರ್ಷ ಅದರ ಕೆಳಗೆ ಮಲಗಿದ್ರು ಪುಟ್ಟು. ಒಂದು ದಿನಾನೂ ಅದು ಗೇಟು ದಾಟಲಿಲ್ಲ. ಈ ಜನ್ಮದಲ್ಲಿ ರೆಡಿಯಾಗಲ್ಲ ಅನ್ನೋ ಧೈರ್ಯದ ಮೇಲೇ ನಾನು ಹಾಗೆ ಹೇಳಿದ್ದು."

"ಅಂದರೆ?"

"ಬರಲ್ಲ ಅಂದ್ರೆ ತಂಗಿಗೆ ನೋವಾಗುತ್ತೆ. ಕಾರಿನ ನೆಪ ಹೇಳಿದ್ರೆ ಯಾರಿಗೂ ಬೇಜಾರಿಲ್ಲ, ನಾನೂ ಇಲ್ಲೇ ಇದ್ದುಬಿಡಬಹುದು ಅಂದ್ಕೊಂಡೆ. ಆಮೇಲೆ ನೋಡಿದ್ರೆ ನೀನು ಊಟಕ್ಕೂ ಬರದೆ ಅದಕ್ಕೇ ಬಿದ್ದುಬಿಟ್ಟೆ. ಸರಿ, ಇವನಿಗೂ ನನ್ನ ಕಳಿಸಿದ್ರೆ ಸಾಕಾಗಿದೆ ಅಂತ ಸುಮ್ಮನಾದೆ."

ಮೇಷ್ಟ್ರ ಬಾಯಿ ತೆರೆಯಿತು. ಐವತ್ತು ವರ್ಷ ಹೊರಬರದ ಮಾತು ನಾಲಿಗೆಯ ತುದಿಗೆ ಬರುವಷ್ಟರಲ್ಲಿ ರೈಲು ಒಂದು ಜಗ್ಗು ಜಗ್ಗಿ ಹೊರಟಿತು. ಕೈಯಿಂದ ಸರಳು ಜಾರಿತು.

"ಹೋಗಬೇಡಿ ಅತ್ತಿಗೆ" ಎನ್ನುತ್ತ ಅವರು ಓಡಿದರು. "ಇಳೀರಿ, ಅತ್ತಿಗೆ, ಇಳೀರಿ."

ಅತ್ತಿಗೆ ಕಿವಿಯ ಹತ್ತಿರ ಕೈಯಿಟ್ಟು, ಕೇಳಿಸಲಿಲ್ಲ ಎಂಬಂತೆ ತಲೆಯಾಡಿಸಿದರು. ಇನ್ನು ನಾಲ್ಕು ಹೆಜ್ಜೆ ಓಡಿದ್ದರೆ ಕೇಳಿಸುತ್ತಿತ್ತೋ ಏನೋ. ಹಿಂದಿನಿಂದ ಇನ್ಸ್‌ಪೆಕ್ಟರು ಬಂದು ಅವರ ಸೊಂಟವನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದರು.

"ಚಲಿಸೋ ರೈಲಿನ ಪಕ್ಕ ಓಡಬಾರದು ಮೇಷ್ಟ್ರೇ. ಎಷ್ಟು ಪ್ರಾಣ ಹೋಗಿದೆ ಗೊತ್ತಾ?"

"ಬಿಡಿ ಸರ್, ಅವರು ಇಳೀಬೇಕು."

"ಪಾಪ, ದುಃಖ ತಲೆಗೇರಿದೆ" ಎಂದರು ನರ್ಸಮ್ಮ, ಆಗಲೇ ಅವರ ನಾಡಿ ಹಿಡಿದು. ದರ್ಜಿ ಮೇಷ್ಟ್ರ ಪರವಾಗಿ ಹೆಗಲಿನ ಬಟ್ಟೆ ತೆಗೆದು ರೈಲು ಮರೆಯಾಗುವವರೆಗೂ ಬೀಸಿದ.

ಮುಂದಿನ ನಿಲ್ದಾಣ ಹದಿನಾಲ್ಕು ಮೈಲಿ. ಅಲ್ಲಿ ರೈಲು ಕಾಲು ಗಂಟೆ ನಿಲ್ಲುತ್ತದೆ. ಮೇಷ್ಟ್ರು ಹಿಡಿತ ಬಿಡಿಸಿಕೊಂಡು ಹೊರಗೋಡಿ ಕಾರು ಹತ್ತಿದರು. ಮೂವರೂ ಏನು ಎತ್ತ ಎಂದು ಕೇಳುತ್ತ ಹಿಂದೆಯೇ ಓಡಿಬಂದರು. ಮೇಷ್ಟ್ರು ಕೀಲಿ ತಿರುಗಿಸಿದರು. ಏನೂ ಆಗಲಿಲ್ಲ. ಮತ್ತೆ ತಿರುಗಿಸಿದರು. ಚಾಸಿ, ಕಮಾನು, ಬುಷ್ಷು, ಬೋಲ್ಟು ಎಲ್ಲ ಎಂಟು ತಿಂಗಳಲ್ಲಿ ಹೊಸದಾಗಿದ್ದವು. ಎಂಜಿನ್ನು ಮಾತ್ರ ಅಣ್ಣ ಬಿಟ್ಟು ಹೋದಂತೆಯೇ ಇತ್ತು.

ಮೂವರೂ ತಳ್ಳಿದರು. ಸ್ಟೇಷನ್ನಿನ ಅಂಗಳದಲ್ಲಿ ಎರಡು ಸುತ್ತು ತಳ್ಳಿದರು. ಎಂಜಿನ್ನು ಈ ಸಲ ಕೆಮ್ಮಲೂ ಇಲ್ಲ. ಕೊನೆಗೆ ಬೇರೆ ದಾರಿ ಕಾಣದೆ ಕಾರಿನ ಮೂತಿಯನ್ನು ಮನೆಯ ಕಡೆ ತಿರುಗಿಸಿ ತಳ್ಳತೊಡಗಿದರು. ಮೇಷ್ಟ್ರು ಖಾಲಿ ಸೀಟಿನ ಪಕ್ಕದಲ್ಲಿ ಸ್ಟೀರಿಂಗ್ ಹಿಡಿದು ಕೂತರು. ಗುಂಡಿಗಳು ಬಂದವು, ಹೋದವು, ಒಂದೂ ತಿಳಿಯಲಿಲ್ಲ.

ಮಾರ್ಕೆಟ್ ದಾಟಿದ ಮೇಲೆ ಹಿಂದಿನಿಂದ ದರ್ಜಿಯ ಏದುಸಿರಿನ ದನಿ ಬಂತು.

"ಏನೇ ಹೇಳಿ ಮೇಷ್ಟ್ರೇ, ತಳ್ಳೋರಿಗೂ ಎಷ್ಟು ಹಗುರ."