ಅಕಾರಾದಿಯಲ್ಲಿ ನಿಂತ ಕೊಡಗಳು

ನೀರು ಹೋದರೆ ಹೋಗಲಿ, ನೀರಿನ ಪದಗಳನ್ನಾದರೂ ನಾನು ಉಳಿಸಿಯೇ ತೀರುತ್ತೇನೆ ಎಂಬ ಧೈರ್ಯ ನನಗಿತ್ತು. ಇಂಥ ಧೈರ್ಯ ಬರಬೇಕಾದರೆ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಇರಬೇಕು, ಮೇಜಿನ ಮೇಲೆ ಕಂಪ್ಯೂಟರ್ ಇರಬೇಕು, ಮನೆಯ ಡ್ರಮ್ಮಿನಲ್ಲಿ ಎಷ್ಟು ನೀರಿದೆ ಎಂದು ಗೊತ್ತಿರಬಾರದು. ದೇವರ ದಯೆಯಿಂದ ಈ ಎಲ್ಲ ಅರ್ಹತೆಗಳೂ ನನಗಿದ್ದವು!

ಎರಡು ಸಾವಿರದ ಇಸವಿ ಕಳೆದ ಮೊದಲ ವರ್ಷಗಳು ಅವು. ಮದ್ರಾಸು ಚೆನ್ನೈ ಆಗಿತ್ತು, ನೀರು ಮಾತ್ರ ಏನೂ ಆಗಿರಲಿಲ್ಲ, ಏಕೆಂದರೆ ನೀರೇ ಇರಲಿಲ್ಲ. ಪೆರಂಬೂರಿನ ನಮ್ಮ ಬಾಡಿಗೆ ಮನೆಯ ಕೈಪಂಪು ಒತ್ತಿದರೆ ದಮ್ಮು ಹಿಡಿದ ಮುದುಕನಂತೆ ಉಸಿರು ಬಿಡುತ್ತಿತ್ತು. ಬಾವಿಯಲ್ಲಿ ಇಣುಕಿದರೆ ನಮ್ಮ ಮುಖ ಕಾಣುತ್ತಿರಲಿಲ್ಲ, ಕಳೆದ ವರ್ಷ ಬಿದ್ದ ಚೆಂಡು ಕಾಣುತ್ತಿತ್ತು. ದಿನ ಬಿಟ್ಟು ದಿನ ಬರುವ ನೀರಿನ ಲಾರಿಯೇ ಇಡೀ ಬೀದಿಗೆ ಗತಿ.

ಇಂಥ ಕಾಲದಲ್ಲಿ ನಾನು ಕೈಗೊಂಡಿದ್ದ ಮಹತ್ಕಾರ್ಯದ ಹೆಸರು 'ಡಿಜಿಟಲ್ ಜಲಪದಕೋಶ'. ಕೆರೆ ಮುಚ್ಚಿ ಮನೆ ಕಟ್ಟಿದಾಗ ಕೆರೆಯೊಂದೇ ಹೋಗುವುದಿಲ್ಲ. ಅದರ ಏರಿ, ತೂಬು, ಕೋಡಿ ಎಲ್ಲವೂ ಜನರ ಬಾಯಿಂದಲೂ ಹೋಗುತ್ತವೆ ಎಂಬುದು ನನ್ನ ಸಿದ್ಧಾಂತ. ಅದು ಸುಳ್ಳೇನಲ್ಲ. ಆದ್ದರಿಂದ ಒಂದೊಂದು ಪದಕ್ಕೂ ಕಂಪ್ಯೂಟರಿನಲ್ಲಿ ಅರ್ಥ, ಉಚ್ಚಾರ, ಚಿತ್ರ ತುಂಬಿ, ಕೊನೆಯಲ್ಲಿ 'ಬಳಕೆ' ಎಂಬ ಚೌಕದಲ್ಲಿ ಅದು ಬದುಕಿದೆಯೋ ಸತ್ತಿದೆಯೋ ಎಂದು ತೀರ್ಪು ಕೊಡುತ್ತಿದ್ದೆ. 'ಅರವಟ್ಟಿಗೆ: ಬೇಸಿಗೆಯಲ್ಲಿ ದಾರಿಹೋಕರಿಗೆ ಧರ್ಮಕ್ಕೆ ನೀರು ಕೊಡುವ ಜಾಗ' ಎಂದು ಬರೆದು, ಅದರ ಮುಂದಿನ ಚೌಕದಲ್ಲಿ 'ಬಳಕೆಯಲ್ಲಿಲ್ಲ' ಎಂದು ಹಾಕಿದ ದಿನ ಸ್ವಲ್ಪ ದುಃಖವೂ ಆಗಿತ್ತು. ಆಮೇಲೆ ಕ್ಯಾಂಟೀನಿನಲ್ಲಿ ಕಾಫಿ ಕುಡಿದೆ.

ನಮ್ಮ ನಿರ್ದೇಶಕರಿಗೆ ಬರೀ ಪದಗಳು ಸಾಲಲಿಲ್ಲ.

"ಭಾಷೆ, ಪರಿಸರ, ಸಮಾಜ, ಮೂರೂ ಸೇರಬೇಕು ಕಣ್ರೀ," ಎಂದರು. "ಸೋಮವಾರ ದೆಹಲಿಯಿಂದ ಸಮಿತಿ ಬರ್ತಿದೆ. ವೆಬ್‌ಸೈಟಿನ ಮುಖಪುಟದಲ್ಲಿ ಜನರು ಪಾಲ್ಗೊಂಡಿರೋ ಒಂದು ಚಿತ್ರ ಇರಲೇಬೇಕು."

"ಜನ ಪಾಲ್ಗೊಳ್ಳದೆ ಹೋದ್ರೆ ಸಾರ್?"

"ಚಿತ್ರ ಇದ್ರೆ ಸಾಕು!"

ಹೀಗೆಂದು ಕಚೇರಿಯ ಏಕೈಕ ಡಿಜಿಟಲ್ ಕ್ಯಾಮೆರಾವನ್ನು ನನ್ನ ಕೈಗೆ ಒಪ್ಪಿಸಿದರು. ಕೈಬೆರಳೆಣಿಕೆಯ ಚಿತ್ರ ಹಿಡಿಸುವಷ್ಟು ನೆನಪಿನ ಶಕ್ತಿ ಅದಕ್ಕೆ. ಅದರಲ್ಲೂ ಬಹುಪಾಲನ್ನು ನಿರ್ದೇಶಕರ ಸನ್ಮಾನದ ಫೋಟೋಗಳು ಆಕ್ರಮಿಸಿದ್ದವು. ಅವನ್ನು ಅಳಿಸಕೂಡದೆಂದು ಕಟ್ಟಪ್ಪಣೆ.

ಶುಕ್ರವಾರ ಮಧ್ಯಾಹ್ನ ರಜೆ ಹಾಕಿ ಮನೆಯಲ್ಲಿದ್ದೆ. ಮರುದಿನ ನಮ್ಮ ತಂದೆಯವರ ತಿಥಿ. ನನ್ನ ಹೆಂಡತಿ ವಿಮಲಾ ಮೈಸೂರಿನವಳು, ಕಾವೇರಿ ನಲ್ಲಿಯಲ್ಲಿ ಬಂದು ಬೀಳುವುದನ್ನು ನೋಡಿ ಬೆಳೆದವಳು. ಚೆನ್ನೈಗೆ ಬಂದ ಮೇಲೆ ಸೊಪ್ಪು ತೊಳೆದ ನೀರಿಗೂ ಮರುಜನ್ಮ ಕೊಡುವುದನ್ನು ಕಲಿತಿದ್ದಳು.

"ರೀ, ಡ್ರಮ್ಮಿನ ತಳ ಕಾಣ್ತಿದೆ," ಎಂದಳು. "ಇವತ್ತಿನ ಲಾರಿ ತಪ್ಪಿದ್ರೆ ನಾಳೆ ಮಾವನವರ ತಿಥಿಗೆ ತೊಟ್ಟು ನೀರಿಲ್ಲ. ಇನ್ನೊಂದು ಲಾರಿ ಬರೋದು ಭಾನುವಾರ. ನಮ್ಮ ಕೊಡ ಮೂರನೇದಾಗಿ ಇಟ್ಟು ಬಂದಿದೀನಿ. ನಾನು ತಿಥಿಗೆ ಸಾಮಾನು ತರೋಕೆ ಹೋಗ್ತೀನಿ. ನೀವು ಸುಮ್ನೆ ಹೊರಗೆ ಕೂತು ನೋಡ್ಕೊಳ್ಳಿ, ಸಾಕು. ಬೇರೇನೂ ಮಾಡ್ಬೇಡಿ."

ಆ ಕೊನೆಯ ಮಾತನ್ನು ನಾನು ವಿನಯವೆಂದು ತಿಳಿದೆ.

ನಮ್ಮ ಬೀದಿಯ ಕಟ್ಟಳೆ ಹೀಗಿತ್ತು. ಬಿಸಿಲಲ್ಲಿ ಮನುಷ್ಯರು ನಿಲ್ಲುವುದಿಲ್ಲ, ಅವರ ಪರವಾಗಿ ಕೊಡ ನಿಲ್ಲುತ್ತದೆ. ಮನೆಗೊಂದು ಪ್ಲಾಸ್ಟಿಕ್ ಕೊಡವನ್ನು ಬೆಳಿಗ್ಗೆಯೇ ಸಾಲಿನಲ್ಲಿಟ್ಟರೆ ಆ ಜಾಗ ಆ ಮನೆಯದು. ಲಾರಿ ಬಂದಾಗ ಉಳಿದ ಕೊಡಗಳನ್ನು ತಂದು ತುಂಬಿಸಿಕೊಳ್ಳಬಹುದು. ಎಲ್ಲವೂ ಒಂದೇ ಅಂಗಡಿಯ ಹಸಿರು ಕೊಡಗಳು. ಗುರುತಿಗೆ ಒಬ್ಬರು ಬಣ್ಣದ ಪಟ್ಟೆ ಎಳೆದಿದ್ದರು, ಒಬ್ಬರು ಮಗನ ಹೆಸರು ಗೀಚಿದ್ದರು. ಪಕ್ಕದ ಮನೆಯ ಮಲ್ಲಿಕಾ ಅಕ್ಕನದು ಮಾತ್ರ ಕಿತ್ತಳೆ ಬಣ್ಣದ್ದು. ಆಕೆಯ ಗಂಡ ರೈಲ್ವೆ ವರ್ಕ್‌ಶಾಪಿನವನು, ಆಕೆ ಹೊಲಿಗೆ ಕೆಲಸದವಳು. ತಡವಾಗಿ ಬಂದು ಕೊಡವನ್ನು ಎಲ್ಲರಿಗಿಂತ ಹಿಂದೆ ಇಟ್ಟಿದ್ದಳು. ಎಲ್ಲರಿಗಿಂತ ಮುಂದಿದ್ದದ್ದು ಮೂಲೆಯಲ್ಲಿ ಮೆಸ್ ನಡೆಸುವ ಉಡುಪಿ ಕಡೆಯ ಭಟ್ಟರ ಕೊಡ. ಪರರ ಕೊಡವನ್ನು ಮುಟ್ಟುವುದು ಬೀದಿಯಲ್ಲಿ ಕೊಲೆಗಿಂತ ಸ್ವಲ್ಪವೇ ಕಡಿಮೆ ಅಪರಾಧ. ಆದರೂ ಎಲ್ಲರೂ ಬಾಗಿಲು ಹಾಕಿ ಮಲಗಿದ್ದರು, ಏಕೆಂದರೆ ಕಾವಲಿಗೆ 'ಸಾರ್' ಇದ್ದರು. ಅಂದರೆ ನಾನು!

ಆ ಕೊಡಗಳ ಸಾಲನ್ನು ನೋಡುತ್ತಾ ಕುಳಿತಿದ್ದವನಿಗೆ ಸಾಕ್ಷಾತ್ಕಾರವಾಯಿತು. ಜನರ ಪಾಲ್ಗೊಳ್ಳುವಿಕೆ ಎಂದರೆ ಇದಲ್ಲದೆ ಇನ್ನೇನು? ಒಂದೊಂದು ಕೊಡದ ಮೇಲೂ ಒಂದೊಂದು ಪದ! ಪ್ರದರ್ಶನಕ್ಕೆಂದು ಮಾಡಿಸಿ ಲ್ಯಾಮಿನೇಟ್ ಹಾಕಿಸಿದ್ದ ಚೀಟಿಗಳು ಮನೆಯಲ್ಲೇ ಇದ್ದವು. ಜೊತೆಗೆ ನೀರಿಗೆ ಬಗ್ಗದ ಗೋಂದು. ಭಾಷೆ, ಪರಿಸರ, ಸಮಾಜ ಮೂರನ್ನೂ ಒಂದೇ ಟ್ಯೂಬಿನಿಂದ ಅಂಟಿಸಲು ಹೊರಟೆ.

ಮೊದಲು, ಶಾಸ್ತ್ರೀಯ ಎಚ್ಚರಿಕೆಯಿಂದ, ಸಾಲು ಇದ್ದ ಹಾಗೆಯೇ ಒಂದು ಫೋಟೋ ತೆಗೆದುಕೊಂಡೆ. ಹೆಚ್ಚುಕಮ್ಮಿಯಾದರೆ ಅದನ್ನು ನೋಡಿ ಮತ್ತೆ ಜೋಡಿಸಬಹುದಲ್ಲ! ಆಮೇಲೆ ಚೀಟಿ ಅಂಟಿಸಿದೆ. ಆ ಪಟ್ಟೆ, ಗೀಚು ಇವೆಲ್ಲ ಚಿತ್ರದಲ್ಲಿ ಅಂದಗೆಡಿಸುತ್ತವೆಂದು ಸರಿಯಾಗಿ ಅವುಗಳ ಮೇಲೆಯೇ ಅಂಟಿಸಿದೆ. ಮಲ್ಲಿಕಾ ಅಕ್ಕನ ಕೊಡಕ್ಕೆ 'ಅರವಟ್ಟಿಗೆ' ಸಿಕ್ಕಿತು, ನಮ್ಮದಕ್ಕೆ 'ಹೊಂಡ'. ದೂರ ನಿಂತು ನೋಡಿದರೆ ಏನೋ ಕೊರತೆ. ಕಪಿಲೆ, ತೂಬು, ಏತ, ಮದಗ ಎಂದು ಪದಗಳು ಅಡ್ಡಾದಿಡ್ಡಿ ನಿಂತಿವೆ. ದೆಹಲಿಯ ಸಮಿತಿ ಏನೆಂದುಕೊಂಡೀತು! ನಿಘಂಟಿನವನ ಕಣ್ಣಿಗೆ ಇದು ತಡೆಯಲಾಗದ ಹಿಂಸೆ. ಕೊಡಗಳನ್ನು ಎತ್ತಿ ಅಕಾರಾದಿಯಲ್ಲಿ ಜೋಡಿಸಿದೆ.

ಅರವಟ್ಟಿಗೆಯಿಂದ ಹೊಂಡದವರೆಗೆ ಎಂಥ ಶಿಸ್ತು! ಕಣ್ತುಂಬಿ ಬಂತು. ಕ್ಯಾಮೆರಾ ಎತ್ತಿ ಗುಂಡಿ ಒತ್ತಿದರೆ 'ಜಾಗವಿಲ್ಲ' ಎಂದಿತು. ಏನನ್ನಾದರೂ ಅಳಿಸಬೇಕು. ಒಂದು ಕಡೆ ಶಾಲು ಹೊದ್ದ ನಿರ್ದೇಶಕರು, ಇನ್ನೊಂದು ಕಡೆ ಬೀದಿಯ ಕೊಡಗಳ ಮೂಲ ಸಾಲು. ನನ್ನ ಬಡ್ತಿ ಇದ್ದದ್ದು ನಿರ್ದೇಶಕರ ಕೈಯಲ್ಲಿ.

ಸಾಲನ್ನು ಅಳಿಸಿದೆ!

ಹೊಸ ಚಿತ್ರ ತೆಗೆದು, ಅದರ ಚೆಲುವನ್ನು ಆ ಪುಟ್ಟ ಪರದೆಯಲ್ಲಿ ನೋಡಿ ತಲೆದೂಗುತ್ತಿರುವಾಗಲೇ ಬೀದಿಯ ತುದಿಯಲ್ಲಿ ಹಾರ್ನ್ ಕೇಳಿತು. ಎಂದೂ ಸಮಯಕ್ಕೆ ಬಾರದ ಲಾರಿ ಅಂದು ಮುಂಚೆಯೇ ಬಂದಿತ್ತು. "ತಣ್ಣಿ ಲಾರಿ ವಂದಾಚ್ಚು!" ಎಂದು ಯಾರೋ ಕೂಗಿದ್ದೇ ತಡ, ಎಲ್ಲ ಬಾಗಿಲುಗಳೂ ಒಟ್ಟಿಗೆ ತೆರೆದವು.

ಮಲ್ಲಿಕಾ ಅಕ್ಕ ಓಡಿ ಬಂದಳು. ತನ್ನ ಕಿತ್ತಳೆ ಕೊಡ ಎಲ್ಲರಿಗಿಂತ ಮುಂದಿರುವುದನ್ನು ಕಂಡು ಒಂದು ಗಳಿಗೆ ಕಕ್ಕಾಬಿಕ್ಕಿಯಾದಳು. ಅಷ್ಟರಲ್ಲಿ ಡ್ರೈವರ್ ಪೈಪು ಬಿಟ್ಟೇಬಿಟ್ಟ. ನೀರನ್ನು ಕಂಡವರಾರೂ ತರ್ಕ ಮಾಡುವುದಿಲ್ಲ; ಅವಳೂ ಹಿಡಿದಳು. ಆ ಕೊಡ ತುಂಬಿತು, ಮನೆಯಿಂದ ತಂದ ಇನ್ನೊಂದು ಕೊಡವೂ ತುಂಬಿತು. ಆಮೇಲೆ ಶುರುವಾಯಿತು.

"ನನ್ನ ಕೊಡ ಎಲ್ಲಿ ಉಂಟು ಮಾರಾಯ್ರೆ?" ಎಂದು ಭಟ್ಟರು ಬನಿಯನ್ನಿನಲ್ಲೇ ಬಂದರು. "ಕೆಂಪು ಪಟ್ಟೆ ಇತ್ತಲ್ಲ, ಎಲ್ಲಿ ಹೋಯ್ತು? ಇದೆಂತ ಅಂಟಿಸಿದ್ದು?"

"ಚೀಟಿಯ ಕೆಳಗಿದೆ ಭಟ್ಟರೇ."

"ಯಾವ ಚೀಟಿಯ ಕೆಳಗೆ? ನಾನು ಮದಗವಾ, ತೂಬಾ? ಅದಾದ್ರೂ ಹೇಳಿ!"

ಅವರಿಗಾದರೂ ಕನ್ನಡ ಓದಲು ಬರುತ್ತಿತ್ತು. ಉಳಿದವರೆಲ್ಲ ತಮಿಳರು. ಅವರ ಕಣ್ಣಿಗೆ ತಮ್ಮ ಕೊಡಗಳ ಮೇಲೆ ಯಾವುದೋ ಸರ್ಕಾರಿ ಜಪ್ತಿಯ ನೋಟಿಸು ಅಂಟಿದ ಹಾಗಿತ್ತು. ನಾನು ಮೊದಲು, ನೀನು ಆಮೇಲೆ ಎಂದು ಕೂಗಾಟ ಎದ್ದಿತು. ಚೀಟಿ ಕೀಳಲು ಹೋದವರ ಉಗುರು ಕಿತ್ತುಬಂತು, ಚೀಟಿ ಬರಲಿಲ್ಲ. ಗೋಂದು ಅಷ್ಟು ಒಳ್ಳೆಯದು!

ಸತ್ಯ ಹೇಳಿಬಿಡುವುದೇ ಒಳ್ಳೆಯದೆಂದು ನಾನು ಮೆಟ್ಟಿಲ ಮೇಲೆ ನಿಂತು ನನ್ನ ತಮಿಳಿನಲ್ಲಿ ಘೋಷಿಸಿದೆ: ಯಾರೂ ಗಾಬರಿಯಾಗಬೇಡಿ, ಕೊಡಗಳು ಅಕಾರಾದಿಯಲ್ಲಿವೆ!

ಹಿಂದಿನಿಂದ ಒಬ್ಬರು ನಿಧಾನವಾಗಿ, ಎಲ್ಲರಿಗೂ ಕೇಳುವಂತೆ ತಮಿಳಿನಲ್ಲಿ ಹೇಳಿದರು: "ಸಾರ್ ಕರ್ನಾಟಕದವರಲ್ವಾ? ಅಲ್ಲಿ ಕಾವೇರಿ ನಿಲ್ಲಿಸಿದ್ರು. ಇಲ್ಲಿ ಲಾರಿ ನಿಲ್ಲಿಸಿದ್ರು!"

ಎರಡು ರಾಜ್ಯಗಳ ಜಗಳ ಆವರೆಗೆ ಪತ್ರಿಕೆಯಲ್ಲಿತ್ತು. ಆಗ ನಮ್ಮ ಮೆಟ್ಟಿಲಿಗೆ ಬಂತು. ಭಟ್ಟರು ಮೆಲ್ಲಗೆ ಜನರ ಕಡೆ ಸರಿದು ನಿಂತು, ತಾವು ಮೂವತ್ತು ವರ್ಷದಿಂದ ಇಲ್ಲೇ ಇರುವವರೆಂದು ತಮಿಳಿನಲ್ಲಿ ಸಾರಿದರು. ಗಲಾಟೆ ನೋಡಿ ನೋಡಿ ಬೇಸತ್ತ ಡ್ರೈವರ್ ಪೈಪು ಸುತ್ತಿ, "ಮೊದಲು ಜಗಳ ಮುಗಿಸಿ, ಭಾನುವಾರ ಬರ್ತೀನಿ" ಎಂದು ಲಾರಿಯನ್ನು ಮುಂದಿನ ಬೀದಿಗೆ ಹೊಡೆದುಕೊಂಡು ಹೋದ.

ಆಗ ಸರಿಯಾಗಿ ವಿಮಲಾ ತಿಥಿಯ ಸಾಮಾನು ಹಿಡಿದು ಬಂದಳು. ಲಾರಿಯ ಬೆನ್ನು ನೋಡಿದಳು, ಸಾಲಿನ ಕಟ್ಟಕಡೆಗೆ ನಿಂತಿದ್ದ ನಮ್ಮ ಖಾಲಿ ಕೊಡ ನೋಡಿದಳು, ಅದರ ಮೇಲಿದ್ದ 'ಹೊಂಡ' ಓದಿದಳು.

"ಇದು ಯಾರಿಗೆ ತೋಡಿದ್ದು?" ಎಂದಳು.

ನಾನು ಫೋಟೋ ತೋರಿಸಿದೆ. ಯಾಕೆ ತೋರಿಸಿದೆನೋ ದೇವರೇ ಬಲ್ಲ.

"ಅಪ್ಪನಿಗೆ ವರ್ಷಕ್ಕೊಂದು ಸಲ ಎಳ್ಳು ನೀರು ಬಿಡೋದು. ನಾಳೆ ಏನು ಬಿಡ್ತೀರಿ? ಈ ಫೋಟೋನಾ?"

ನಮ್ಮಪ್ಪ ಹಳ್ಳಿಯ ಮೇಷ್ಟ್ರು. ಶಾಲೆಯ ಬಾಗಿಲಲ್ಲಿ ಮಣ್ಣಿನ ಹರವಿ ಇಟ್ಟು, ದಾರಿಯಲ್ಲಿ ಹೋಗುವವರನ್ನು ಕರೆದು ಕರೆದು ನೀರು ಕುಡಿಸುತ್ತಿದ್ದವರು. ಅಂಥವರಿಗೆ ಬೊಗಸೆ ನೀರಿಲ್ಲದಂತೆ ಮಾಡಿದೆನಲ್ಲ ಎಂದು ನಿಜವಾಗಿ ಸಂಕಟವಾಯಿತು. ಪದಕೋಶಕ್ಕೇ ಎಳ್ಳುನೀರು ಬಿಟ್ಟುಬಿಡೋಣವೆಂದರೆ ಅದಕ್ಕೂ ನೀರಿರಲಿಲ್ಲ!

ತಿಥಿ ಮಾಡಿಸಲು ಬರಬೇಕಿದ್ದ ಮಾಂಬಲದ ಜೋಯಿಸರಿಗೆ ಫೋನ್ ಮಾಡಿ, ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಪಾಕೆಟ್ಟಿನ ನೀರು ಆದೀತೇ ಎಂದು ಕೇಳಿದೆ. "ರಾಮ ರಾಮ! ಯಾರ್ಯಾರೋ ಮುಟ್ಟಿರ್ತಾರೆ. ಅದೆಲ್ಲ ಮಡಿಗೆ ಬರೋಲ್ಲ," ಎಂದು ಅವರು ಇಟ್ಟುಬಿಟ್ಟರು.

ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಮಲ್ಲಿಕಾ ಅಕ್ಕ, ಸೊಂಟದ ಮೇಲೆ ಕಿತ್ತಳೆ ಕೊಡ, ತುಂಬಿದ್ದು. ನನ್ನ ಜೊತೆ ಸೇರಿ ಸಾಲಿನಲ್ಲಿ ಮುಂದೆ ಬಂದಳೆಂದು ಹಿಂದಿನ ಸಂಜೆಯೆಲ್ಲ ಬೀದಿಯ ಬೈಗುಳ ತಿಂದವಳು ಅವಳು. ಬೀದಿಗೆಲ್ಲ ನೀರು ಇದ್ದದ್ದೂ ಅವಳೊಬ್ಬಳ ಮನೆಯಲ್ಲೇ.

"ಅಪ್ಪಾ ತಿಥಿ ಅಲ್ಲವಾ ಸಾರ್, ವಿಮಲಾ ಅಕ್ಕ ಹೇಳ್ತು," ಎಂದಳು, ನಮಗಾಗಿ ಕಲಿತಿದ್ದ ಅರೆಬರೆ ಕನ್ನಡದಲ್ಲಿ. "ಎಂಗಳ್ ಮನೇಗೆ ಒಂದು ಕೊಡ ಪೋದುಂ, ಸಾಕು. ಇದು ನೀವು ಇಟ್ಟುಕೊಳ್ಳಿ."

ಕೊಡ ಇಳಿಸಿಕೊಂಡೆ. ಅದರ ಹೊಟ್ಟೆಯ ಮೇಲೆ ನನ್ನ ಚೀಟಿ ಗಟ್ಟಿಯಾಗಿ ಕೂತಿತ್ತು: 'ಅರವಟ್ಟಿಗೆ'. ವಿಮಲಾ ಅವಳ ಕೈ ಹಿಡಿದುಕೊಂಡು ಅತ್ತೇಬಿಟ್ಟಳು.

ಜೋಯಿಸರು ಎರಡು ಬಸ್ಸು ಬದಲಿಸಿ ಬೆವರಿನಲ್ಲಿ ತೊಯ್ದು ಬಂದರು. ನೀರು ಎಲ್ಲಿಯದೆಂದು ಅವರು ಕೇಳುವ ಮೊದಲೇ ನಾನು ಹೇಳಿದೆ. ಅವರು ಕೊಡವನ್ನು ನೋಡಿದರು, ಗಂಟಲು ಸರಿಮಾಡಿಕೊಂಡರು. "ಏಳು ನದಿಗಳ ಹೆಸರು ಹೇಳಿಬಿಟ್ರೆ ಎಲ್ಲಾ ಶುದ್ಧ ಆಗುತ್ತೆ. ಮೊದ್ಲು ನನಗೆ ಕುಡಿಯೋಕೆ ಒಂದು ಲೋಟ ಕೊಡಿ!" ಎಂದರು. ಕಾವೇರಿಯ ಹೆಸರು ಬಂದಾಗ ನಾನು ಕಿಟಕಿ ಮುಚ್ಚಿದೆ.

ಎಳ್ಳು ನೀರು ಬಿಟ್ಟಾಯಿತು. ಖಾಲಿ ಕೊಡವನ್ನು ನಾನು ಹಿಂದಿರುಗಿಸಲು ಹೊರಟಾಗ ವಿಮಲಾ ಅಡ್ಡ ಬಂದಳು.

"ಅಕ್ಕನ ಕೊಡ ಖಾಲಿ ಕೊಡ್ತೀರೇನ್ರೀ? ನಿಮ್ಮ ಪದ ತುಂಬಿ ಕೊಡಿ!"

ಭಾನುವಾರದ ಲಾರಿಗೆ ಬೀದಿಯವರು ಹೊಸ ಕಟ್ಟಳೆ ಮಾಡಿದ್ದರು: ಎಲ್ಲರ ಕೊಡ ನಿಲ್ಲಬಹುದು, ಸಾರ್ ಮಾತ್ರ ಖುದ್ದಾಗಿ ನಿಲ್ಲಬೇಕು. ನಿಂತೆ. ನಿಂತಲ್ಲೇ ಎಲ್ಲರ ಚೀಟಿಗಳನ್ನೂ ಬ್ಲೇಡಿನಿಂದ ಕೆರೆದೆ. ಮಲ್ಲಿಕಾ ಅಕ್ಕನ ಕೊಡವನ್ನು ತುಂಬಿಸಿ ನಾನೇ ಹೊತ್ತುಕೊಂಡು ಹೋಗಿ ಅವಳ ಮನೆಯೊಳಗೆ ಇಟ್ಟು ಬಂದೆ. ಅದರ ಚೀಟಿಯೊಂದನ್ನು ಮಾತ್ರ ಕೆರೆಯಲು ಮನಸ್ಸು ಬರಲಿಲ್ಲ.

ಸೋಮವಾರ ಸಮಿತಿಯವರು ಚಿತ್ರ ನೋಡಿ, ಭಾಷೆ ಮತ್ತು ಸಮಾಜದ ಇಂಥ ಬೆಸುಗೆಯನ್ನು ತಾವೆಲ್ಲೂ ಕಂಡಿಲ್ಲವೆಂದರು. ಗೋಂದಿನ ವಿಷಯದಲ್ಲಿ ಅದು ನಿಜ. ಅವರು ಹೋದ ಮೇಲೆ ಕಂಪ್ಯೂಟರ್ ತೆರೆದು 'ಅರವಟ್ಟಿಗೆ'ಯ ಮುಂದಿನ ಚೌಕದಲ್ಲಿದ್ದ 'ಬಳಕೆಯಲ್ಲಿಲ್ಲ' ಎಂಬುದನ್ನು ಅಳಿಸಿ 'ಬಳಕೆಯಲ್ಲಿದೆ' ಎಂದು ತಿದ್ದಿದೆ. ಸಂಜೆ ಮನೆಗೆ ಬಂದು, ನನ್ನ ಈ ಹೃದಯ ಪರಿವರ್ತನೆಯನ್ನು ವಿಮಲಾಗೆ ಗದ್ಗದ ಕಂಠದಿಂದ ವರದಿ ಮಾಡಿದೆ.

ಅವಳು ಅಕ್ಕಿ ತೊಳೆದ ನೀರನ್ನು ಹುಷಾರಾಗಿ ಗಿಡಕ್ಕೆ ಬಗ್ಗಿಸುತ್ತಿದ್ದಳು.

"ಒಳ್ಳೇದಾಯ್ತು," ಎಂದಳು. "ಆದ್ರೆ ಆ 'ಬಳಕೆಯಲ್ಲಿಲ್ಲ' ಅನ್ನೋದನ್ನ ಪೂರ್ತಿ ಅಳಿಸಿಬಿಡಬೇಡಿ. ನಿಮ್ಮ ಹೆಸರಿನ ಮುಂದೆ ಹಾಕ್ಕೊಳ್ಳಿ."

ಹಾಕಿಕೊಂಡಿದ್ದೇನೆ.